ಹನ್ನೊಂದರ ದೋಸೆ, ನಾಲ್ಕರ ಕಾಫಿ: ಬೆಂಗಳೂರಿನ ಅಗ್ಗದ ತಿಂಡಿಗೆ ಬೆಲೆ ಕೊಟ್ಟವರು ಯಾರು?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಈ ವಾರದ ಸಂಚಿಕೆ ಶುರುವಾಗೋದು ಒಂದು ಬಿಲ್‌ನಿಂದ.

ಕಳೆದ ವರ್ಷ ಅಮ್ಮ ಅರಸೀಕೆರೆಯಿಂದ ನನ್ನ ರೂಮಿಗೆ ಬಂದಿದ್ರು. ಸ್ಟೈಲಾಗಿ ಸುತ್ತಾಡಿಸೋಣ ಅಂತ ಒಂದು ಕೆಫೆಗೆ ಕರ್ಕೊಂಡು ಹೋದೆ. ಹೆಸರು ಬೇಡ ಬಿಡಿ. ಬೋರ್ಡಲ್ಲಿ ‘ವೀಕೆಂಡ್ ಬ್ರಂಚ್’ ಅಂತ ಬರೆದಿತ್ತು. ಎರಡು ಬ್ರೆಡ್ ಐಟಂ, ಎರಡು ಕಾಫಿ, ಬಿಲ್ 1,180 ರೂಪಾಯಿ. ಅಮ್ಮ ಆ ಚೀಟೀನ ತಿರುಗಿಸಿ ಮುರುಗಿಸಿ ನೋಡಿ, “ಇದರಲ್ಲಿ ಪಕ್ಕದ ಟೇಬಲ್‌ನವರದ್ದೂ ಸೇರ್ಕೊಂಡಿದೆಯೇನೋ, ಕೇಳೋ ಒಂದ್ಸಲ” ಅಂದ್ರು. ಸೇರಿರಲಿಲ್ಲ.

ಬ್ರಂಚ್ ಅನ್ನೋ ಪದ ಹುಟ್ಟಿದ್ದು ಇಂಗ್ಲೆಂಡಲ್ಲಿ. 1895ರಲ್ಲಿ ಗೈ ಬೆರಿಂಜರ್ ಅನ್ನೋ ಬರಹಗಾರ, ಭಾನುವಾರ ಲೇಟಾಗಿ ಎದ್ದು, ಬೆಳಗಿನ ತಿಂಡಿ ಮತ್ತು ಮಧ್ಯಾಹ್ನದ ಊಟ ಎರಡನ್ನೂ ಸೇರಿಸಿ ಒಂದೇ ಸಲ ತಿನ್ನೋಣ ಅಂತ ಲೇಖನ ಬರೆದ. ನಮ್ಮ ಬೆಂಗಳೂರಲ್ಲಿ ಅದಕ್ಕೆ ಬೇರೆ ಹೆಸರೇನೂ ಬೇಕಾಗಿರಲಿಲ್ಲ. ಹನ್ನೊಂದು ಗಂಟೆಗೆ ತಿಂದರೂ ತಿಂಡೀನೇ, ನಾಲ್ಕು ಗಂಟೆಗೆ ತಿಂದರೂ ತಿಂಡೀನೇ.

ಈ ಸಲ ಅಮ್ಮ ಮತ್ತೆ ಬಂದಾಗ ನಾನು ಲೆಕ್ಕ ಹಾಕಿದೆ. ಒಂದು ಶನಿವಾರ, ಇಬ್ಬರೇ, ಕಡಿಮೆ ದುಡ್ಡಲ್ಲಿ ಇಡೀ ದಿನ. ಹಳೇ ಹೋಟೆಲ್‌ಗಳನ್ನ ಹುಡುಕಿ ಹೊರಟಾಗ ನನಗೆ ಒಂದು ಪ್ರಶ್ನೆ ಅಂಟಿಕೊಳ್ತು. ಇಲ್ಲಿ ತಿಂಡಿ ಅಗ್ಗ ಆಗಿದ್ದು ಹೇಗೆ? ಅಕ್ಕಿ, ಉದ್ದು, ತುಪ್ಪ, ಬಾಡಿಗೆ, ಸಂಬಳ ಯಾವುದೂ ಪುಕ್ಕಟೆ ಬರಲ್ಲ. ನಾವು ಕಡಿಮೆ ಕೊಟ್ಟರೆ, ಉಳಿದಿದ್ದನ್ನ ಇನ್ಯಾರೋ ಕೊಡ್ತಿರಬೇಕು. ಯಾರು ಅವರು?

ಹನ್ನೊಂದು ಗಂಟೆ, ಗಾಂಧಿ ಬಜಾರ್

ರೈಲು ಇಳಿದು ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿದ್ವಿ. ನ್ಯಾಷನಲ್ ಕಾಲೇಜ್ ಸ್ಟೇಷನ್‌ನಲ್ಲಿ ಇಳಿದು, ನಡ್ಕೊಂಡು ವಿದ್ಯಾರ್ಥಿ ಭವನ. ಹೆಸರೇ ಹೇಳುತ್ತೆ, 1943ರಲ್ಲಿ ಇದು ಶುರುವಾಗಿದ್ದು ಸುತ್ತಮುತ್ತ ಓದ್ತಿದ್ದ ವಿದ್ಯಾರ್ಥಿಗಳಿಗೋಸ್ಕರ. ಶುರು ಮಾಡಿದವರು ವೆಂಕಟರಮಣ ಉರಾಳರು. 1970ರಲ್ಲಿ ರಾಮಕೃಷ್ಣ ಅಡಿಗರ ಕೈಗೆ ಬಂತು. ಶುಕ್ರವಾರ ರಜ, ಅದನ್ನ ಮಾತ್ರ ನೆನಪಿಟ್ಕೊಳ್ಳಿ.

ಕ್ಯೂನಲ್ಲಿ ಕಾದು ಒಳಗೆ ಹೋದರೆ, ನಮ್ಮ ಎದುರು ಗುರುತಿಲ್ಲದ ಇಬ್ಬರು. ಇಲ್ಲಿ ಟೇಬಲ್ ಹಂಚಿಕೊಳ್ಳೋದು ರೂಢಿ. ಸಪ್ಲೈಯರ್ ಒಬ್ಬರು ಒಂದೇ ಕೈಮೇಲೆ ದೋಸೆ ತಟ್ಟೆಗಳನ್ನ ಅಡ್ಡಡ್ಡ ಪೇರಿಸಿಕೊಂಡು ಬಂದ್ರು. ಅಮ್ಮ ಬಾಯಿ ಬಿಟ್ಕೊಂಡು ನೋಡಿದ್ರು. “ಒಂದೂ ಬೀಳಲ್ವಲ್ಲೋ!”

1943 ಅಂದ್ರೆ ಎರಡನೇ ಮಹಾಯುದ್ಧದ ಮಧ್ಯ. ಹಿಂದಿನ ವರ್ಷವೇ ಜಪಾನ್ ಬರ್ಮಾವನ್ನ ಹಿಡಿದಿತ್ತು. ಅಲ್ಲಿಂದ ಭಾರತಕ್ಕೆ ಬರ್ತಿದ್ದ ಅಕ್ಕಿ ನಿಂತಿತ್ತು. ಅಕ್ಕಿ ಇಲ್ಲದಿದ್ರೆ ಇಡ್ಲಿ ಎಲ್ಲಿಂದ ಬರಬೇಕು? ಆ ಕೊರತೆಯ ದಿನಗಳಲ್ಲೇ ರವೆಯಿಂದ ಇಡ್ಲಿ ಮಾಡಿ ನೋಡಿದ್ವಿ ಅಂತ ಹೇಳಿಕೊಳ್ಳೋ ಹೋಟೆಲ್ ಇಲ್ಲಿಂದ ದೂರ ಇಲ್ಲ. ಲಾಲ್‌ಬಾಗ್ ಒಳಗೆ ಸುತ್ತಾಡಿ ಮುಖ್ಯ ಗೇಟಿನ ಕಡೆ ಹೊರಗೆ ಬಂದ್ರೆ ಎಂಟಿಆರ್.

ನಷ್ಟದ ಬೋರ್ಡು

ಎಂಟಿಆರ್, ಅಂದ್ರೆ ಮಾವಳ್ಳಿ ಟಿಫಿನ್ ರೂಮ್ಸ್. ಉಡುಪಿ ಕಡೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಶುರು ಮಾಡಿದಾಗ ಇದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಆ ಕಾಲದ ಎಷ್ಟೋ ಹೋಟೆಲ್‌ಗಳ ಹೆಸರಲ್ಲಿ ಆ ಪದ ಇರ್ತಿತ್ತು. 1960ರಲ್ಲಿ ಈಗಿನ ಹೆಸರು ಬಂತು. ಈ ಹೆಸರಿನ ವಿಷಯಕ್ಕೆ ಆಮೇಲೆ ಬರ್ತೀನಿ, ಅದನ್ನ ಒಂದು ಕಡೆ ಇಟ್ಕೊಳ್ಳಿ.

1975ರಿಂದ 77ರವರೆಗೆ ದೇಶದಲ್ಲಿ ತುರ್ತುಪರಿಸ್ಥಿತಿ ಇತ್ತು. ಆಗ ಸರ್ಕಾರ ಹೋಟೆಲ್ ತಿಂಡಿಗಳ ಬೆಲೆಗೆ ಮಿತಿ ಹಾಕಿತು. ಇಷ್ಟಕ್ಕಿಂತ ಜಾಸ್ತಿಗೆ ಮಾರಬಾರದು ಅಂತ. ಕೇಳೋಕೆ ನಮ್ಮಂಥ ಗಿರಾಕಿಗಳಿಗೆ ಖುಷೀನೇ ಅಲ್ವಾ? ಆದ್ರೆ ತುಪ್ಪದ ಬೆಲೆ, ಬೇಳೆ ಬೆಲೆ ಆ ಆದೇಶದಿಂದ ಇಳಿಯಲಿಲ್ಲ. ಹೋಟೆಲ್‌ನವರ ಮುಂದೆ ಇದ್ದಿದ್ದು ಎರಡೇ ದಾರಿ. ತುಪ್ಪ ಕಡಿಮೆ ಮಾಡೋದು, ಇಲ್ಲ ನಷ್ಟ ಮಾಡಿಕೊಳ್ಳೋದು. ಎಂಟಿಆರ್‌ನವರು ಗುಣಮಟ್ಟ ಇಳಿಸದೆ ಕೊಡ್ತಾ ಹೋದ್ರು, ಇವತ್ತು ಎಷ್ಟು ನಷ್ಟ ಆಯ್ತು ಅಂತ ಬಾಗಿಲ ಹತ್ತಿರ ಬೋರ್ಡಲ್ಲಿ ಬರೀತಿದ್ರು ಅಂತ ಹೇಳ್ತಾರೆ. ಕೊನೆಗೆ ಹೋಟೆಲ್ ಮುಚ್ಚಿದ್ರು. ಕೆಲಸಗಾರರನ್ನ ಬಿಡಬಾರದು ಅಂತ ಇಡ್ಲಿ, ದೋಸೆ ಹಿಟ್ಟಿನ ಮಿಕ್ಸ್, ಮಸಾಲೆ ಪುಡಿ ಪ್ಯಾಕೆಟ್ ಮಾಡಿ ಮಾರೋಕೆ ಶುರು ಮಾಡಿದ್ರು. ಹೋಟೆಲ್ ಮತ್ತೆ ತೆರೆದಿದ್ದು 1980ರ ದಶಕದಲ್ಲಿ. ಹಾಸ್ಟೆಲ್‌ನಲ್ಲಿ ಕೆಟಲ್ ಇಟ್ಕೊಂಡು ನೀವು ಮಾಡ್ಕೊಳ್ಳೋ ರೆಡಿ ಮಿಕ್ಸ್ ಉಪ್ಪಿಟ್ಟಿನ ಹಿಂದೆ ಈ ಕಥೆ ಇದೆ.

ಅಂದ್ರೆ ಇಲ್ಲಿ ಅಗ್ಗದ ಬೆಲೆ ಕೊಟ್ಟಿದ್ದು ಹೋಟೆಲ್‌ನವರು. ಅದು ಬಹಳ ದಿನ ನಡೆಯಲಿಲ್ಲ.

ನಿಂತು ತಿನ್ನೋ ಲೆಕ್ಕ

ಅಲ್ಲಿಂದ ಆಟೋ ಹಿಡಿದು ಜಯನಗರಕ್ಕೆ ಹೋದ್ವಿ. ಬೆಂಗಳೂರಿಗೆ ಅಗ್ಗದ ತಿಂಡಿಯ ಮುಂದಿನ ಪಾಠ ಹೇಳಿಕೊಟ್ಟಿದ್ದು ಈ ಬಡಾವಣೆ. 1983ರಲ್ಲಿ ಆರ್. ಪ್ರಭಾಕರ್ ಇಲ್ಲಿ ಕೆಫೆ ದರ್ಶಿನಿ ಅನ್ನೋ ಹೋಟೆಲ್ ತೆರೆಸಿದ್ರು. ಕೌಂಟರಲ್ಲಿ ದುಡ್ಡು ಕೊಟ್ಟು ಟೋಕನ್ ತಗೊಳ್ಳಿ, ಅಡುಗೆಮನೆ ಕಣ್ಣೆದುರೇ ಇದೆ, ತಟ್ಟೆ ನೀವೇ ಎತ್ಕೊಳ್ಳಿ, ನಿಂತ್ಕೊಂಡು ತಿನ್ನಿ, ಹೋಗ್ತಾ ಇರಿ. ಆಮೇಲೆ ಆ ಹೆಸರೇ ಒಂದು ಜಾತಿಯ ಹೋಟೆಲ್‌ಗೆ ಹೆಸರಾಯ್ತು. ಈಗ ಊರ ತುಂಬ ದರ್ಶಿನಿಗಳು.

ಇದರ ಲೆಕ್ಕ ಸರಳ. ಕುರ್ಚಿ ಇಟ್ಟರೆ ಒಬ್ಬ ಗಿರಾಕಿ ಅರ್ಧ ಗಂಟೆ ಕೂರ್ತಾನೆ. ನಿಲ್ಲಿಸಿದರೆ ಹತ್ತು ನಿಮಿಷಕ್ಕೆ ಜಾಗ ಖಾಲಿ. ಒಂದು ಸಣ್ಣ ಮಳಿಗೆಯ ಬಾಡಿಗೆ ನೂರಾರು ತಟ್ಟೆಗಳಿಗೆ ಹಂಚಿಹೋಗುತ್ತೆ. ಸಪ್ಲೈಯರ್ ಬೇಡ, ಟಿಪ್ಸ್ ಬೇಡ. ಹಿಟ್ಟು, ಸಾಂಬಾರ್ ಬೇಗ ಖರ್ಚಾಗೋದ್ರಿಂದ ಎಲ್ಲ ಬಿಸಿಬಿಸಿ. ಬ್ಯಾಂಕ್ ಮ್ಯಾನೇಜರ್ ಪಕ್ಕದಲ್ಲಿ ಆಟೋ ಡ್ರೈವರ್, ಒಂದೇ ಎತ್ತರದ ಸ್ಟೀಲ್ ಟೇಬಲ್.

ನಾನು ಇದನ್ನೆಲ್ಲ ಅಮ್ಮನಿಗೆ ಉತ್ಸಾಹದಿಂದ ವಿವರಿಸ್ತಾ ಇದ್ದೆ. ಅವರು ಕೇಸರಿಬಾತ್ ತಟ್ಟೆ ಹಿಡ್ಕೊಂಡು ಆಚೆ ಈಚೆ ನೋಡ್ತಿದ್ರು.

“ಎಲ್ಲಾದ್ರೂ ಕೂತ್ಕೊಳ್ಳೋಕೆ ಆಗುತ್ತೇನೋ? ಮಂಡಿ ಹಿಡ್ಕೊಂಡಿದೆ.”

ಬೆಳಗ್ಗೆಯಿಂದ ಅವರನ್ನ ನಡೆಸಿದ್ದೆ. ನನ್ನ ಪ್ಲಾನಲ್ಲಿ ಮೆಟ್ರೋ ಇತ್ತು, ಇಸವಿ ಇತ್ತು, ಬೆಲೆ ಇತ್ತು, ಅಮ್ಮನ ಮಂಡಿ ಇರಲಿಲ್ಲ. ಕೊನೆಗೆ ಪಕ್ಕದ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತು ತಿಂದ್ರು. ಆಗ ಹೊಳೀತು, ದರ್ಶಿನಿಯ ಅಗ್ಗದ ಬೆಲೆಯನ್ನ ತಿನ್ನೋರು ತಮ್ಮ ಕಾಲಲ್ಲಿ ಕೊಡ್ತಾರೆ. ನನ್ನ ವಯಸ್ಸಿಗೆ ಅದು ದುಡ್ಡೇ ಅಲ್ಲ. ಅಮ್ಮನ ವಯಸ್ಸಿಗೆ ಅದು ದುಬಾರಿ. ಕೆಲವು ದರ್ಶಿನಿಗಳು ಈಗ ನಾಲ್ಕು ಕುರ್ಚಿ ಹಾಕಿರ್ತಾರೆ. ಹೋಗೋ ಮುಂಚೆ ಅದನ್ನ ನೋಡ್ಕೋಬೇಕಿತ್ತು.

ನಾಲ್ಕು ಗಂಟೆ, ಚರ್ಚ್ ಸ್ಟ್ರೀಟ್

ಕಾಫಿಗಾದ್ರೂ ಕೂರೋ ಜಾಗಕ್ಕೇ ಹೋಗೋಣ ಅಂತ ಮತ್ತೆ ಮೆಟ್ರೋ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಎಂ.ಜಿ. ರೋಡ್. ಅಲ್ಲಿಂದ ಚರ್ಚ್ ಸ್ಟ್ರೀಟ್‌ನ ಇಂಡಿಯನ್ ಕಾಫಿ ಹೌಸ್. 2009ರವರೆಗೆ ಇದು ಎಂ.ಜಿ. ರೋಡ್‌ನಲ್ಲೇ ಇತ್ತು, ಆಮೇಲೆ ಇಲ್ಲಿಗೆ ಬಂತು. ಬಿಳಿ ಸಮವಸ್ತ್ರ, ತಲೆಗೆ ಪೇಟ ಕಟ್ಟಿದ ಸಪ್ಲೈಯರ್‌ಗಳು. ಆಮ್ಲೆಟ್ ಇದೆ, ಕಟ್ಲೆಟ್ ಇದೆ, ದೋಸೇನೂ ಇದೆ.

ಇದರ ಕಥೆಗೆ ನಾವು ಮತ್ತೆ ಹಿಂದಕ್ಕೆ ಹೋಗಬೇಕು, 1930ರ ದಶಕಕ್ಕೆ. ಜಗತ್ತಿಗೆಲ್ಲ ಆರ್ಥಿಕ ಕುಸಿತ ಬಂದು ಕಾಫಿ ಬೀಜದ ಬೆಲೆ ಬಿದ್ದುಹೋಗಿತ್ತು. ಕೊಡಗು, ಚಿಕ್ಕಮಗಳೂರಿನಂಥ ಕಡೆ ಬೆಳೆದ ಕಾಫಿಯನ್ನ ಇಲ್ಲೇ ಜನ ಕುಡಿಯೋ ಹಾಗೆ ಮಾಡಬೇಕಿತ್ತು. ಅದಕ್ಕಾಗಿ ಕಾಫಿ ಸೆಸ್ ಸಮಿತಿ 1936ರಲ್ಲಿ ಬೊಂಬಾಯಿಯ ಚರ್ಚ್‌ಗೇಟ್‌ನಲ್ಲಿ ಒಂದು ಕಾಫಿ ಹೌಸ್ ತೆರೀತು. ಆಮೇಲೆ ಕಾಫಿ ಮಂಡಳಿ ಅವುಗಳನ್ನ ಊರೂರಲ್ಲಿ ನಡೆಸ್ತು. 1950ರ ದಶಕದಲ್ಲಿ ಮಂಡಳಿ, ಇನ್ನು ಇವು ಸಾಕು, ಮುಚ್ಚೋಣ ಅಂತ ತೀರ್ಮಾನ ಮಾಡ್ತು. ಕೆಲಸಗಾರರು ಬೀದಿಗೆ ಬಂದ್ರು.

ಕೇರಳದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಜೊತೆ ನಿಂತ್ರು. ಮಂಡಳಿ ಬಿಟ್ಟುಹೋಗೋದನ್ನ ನಾವೇ ನಡೆಸ್ತೀವಿ ಅಂತ ಕೆಲಸಗಾರರು ಸಹಕಾರ ಸಂಘ ಕಟ್ಟಿದ್ರು. ಅಂಥ ಮೊದಲ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಲ್ಲೇ, 1957ರ ಆಗಸ್ಟ್ 19ರಂದು. ನಿಮಗೆ ಕಾಫಿ ತಂದುಕೊಡೋರೇ ಹೋಟೆಲ್‌ನ ಪಾಲುದಾರರು. ಒಂದು ಕಾಫಿ ಹಿಡ್ಕೊಂಡು ಕೂತವರನ್ನ ಕಾಫಿ ಹೌಸ್‌ಗಳು ಎಬ್ಬಿಸಲ್ಲ. ಪತ್ರಕರ್ತರು, ವಿದ್ಯಾರ್ಥಿಗಳು, ಕೆಲಸ ಹುಡುಕ್ತಿದ್ದವರು ಗಂಟೆಗಟ್ಟಲೆ ಕೂತು ಮಾತಾಡಿದ್ದು ಹಾಗೇ.

ಇದನ್ನ ಕೇಳ್ತಾ ಅಮ್ಮ ಸುಮ್ಮನೆ ಕೂತಿದ್ರು. ಸಪ್ಲೈಯರ್ ಕಾಫಿ ಇಟ್ಟು ಹೋದ್ಮೇಲೆ ಹೇಳಿದ್ರು.

“ನಿಮ್ಮ ತಾತ ಹೋಟೆಲ್ ಕಾಫಿ ಕುಡಿಯೋಕೆ ಶುರು ಮಾಡಿದಾಗ ಹನ್ನೆರಡೋ ಹದಿಮೂರೋ ವಯಸ್ಸಂತೆ. ಸಂತೆಗೆ ಹೋದಾಗ. ಒಳಗೆ ಬಿಡ್ತಿರಲಿಲ್ಲ. ಹೊರಗೆ ಗೋಡೆ ಮೇಲೆ ಒಂದು ಲೋಟ ಬೇರೆ ಇಟ್ಟಿರೋರು, ನಮ್ಮಂಥೋರಿಗೆ ಅಂತ. ಅದನ್ನ ತಗೊಂಡು ಒಡ್ಡಿದ್ರೆ ಮೇಲಿಂದ ಹುಯ್ಯೋರು. ಕುಡಿದು, ತೊಳೆದು, ಅಲ್ಲೇ ಇಡಬೇಕು. ಕಾಸು ಮಾತ್ರ ಎಲ್ಲರಷ್ಟೇ.”

ನನಗೆ ಈ ಕಥೆ ಗೊತ್ತಿರಲಿಲ್ಲ. ತಾತ ಯಾವತ್ತೂ ಹೇಳಿರಲಿಲ್ಲ.

ಆಗ ಹೇಳ್ತೀನಿ ಅಂದಿದ್ನಲ್ಲ, ಹೆಸರಿನ ವಿಷಯ, ಅದು ಇಲ್ಲಿಗೆ ಬಂದು ನಿಲ್ಲುತ್ತೆ. ಯಾವ ಜಾತಿಯವರು ಮಾಡಿದ ಅಡುಗೆ, ಯಾರು ಎಲ್ಲಿ ಕೂರಬೇಕು ಅನ್ನೋದು ಒಂದು ಕಾಲದಲ್ಲಿ ಹೋಟೆಲ್ ವ್ಯಾಪಾರದ ಭಾಗವೇ ಆಗಿತ್ತು. ಅದಕ್ಕೇ 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೇ ವಿಧಿ ಅಂಗಡಿ, ಸಾರ್ವಜನಿಕ ಹೋಟೆಲ್ ಅಂತ ಹೆಸರು ಹಿಡಿದು ಹೇಳುತ್ತೆ. ಜಾತಿಯ ಕಾರಣಕ್ಕೆ ಯಾರನ್ನೂ ಇವುಗಳಿಂದ ಹೊರಗಿಡೋ ಹಾಗಿಲ್ಲ. 17ನೇ ವಿಧಿ ಅಸ್ಪೃಶ್ಯತೆಯನ್ನ ರದ್ದು ಮಾಡ್ತು. 1955ರ ಕಾನೂನು ಅದಕ್ಕೆ ಶಿಕ್ಷೆ ಇಟ್ಟಿತು. ದೇಶದ ಅತಿ ದೊಡ್ಡ ಕಾನೂನು ಪುಸ್ತಕದಲ್ಲಿ ಹೋಟೆಲ್ ಬಗ್ಗೆ ಬರೀಬೇಕಾಗಿ ಬಂತು ಅಂದ್ರೆ, ಗೋಡೆ ಮೇಲಿನ ಆ ಲೋಟ ಎಷ್ಟು ಊರುಗಳಲ್ಲಿ ಇದ್ದಿರಬೇಕು ಯೋಚನೆ ಮಾಡಿ. ಕಾನೂನು ಬಂದ ಮಾರನೇ ದಿನವೇ ಅದು ಮಾಯ ಆಗಲಿಲ್ಲ ಅನ್ನೋದೂ ನಮಗೆ ಗೊತ್ತು.

ನಾನು ಅಮ್ಮನ್ನ ಕೇಳಿದೆ, “ಮತ್ತೆ ನಾನು ಇವತ್ತು ನಿಮ್ಮನ್ನ ನಿಲ್ಲಿಸಿ ತಿನ್ನಿಸಿದ್ನಲ್ಲ?”

“ಹೋಗೋ. ಎಲ್ಲರೂ ನಿಂತಿರೋವಾಗ ನಿಲ್ಲೋದು ಬೇರೆ. ಒಬ್ಬರನ್ನೇ ನಿಲ್ಲಿಸೋದು ಬೇರೆ. ಅಲ್ಲಿ ಮಂಡಿ ನೋವಾಯ್ತು, ಅಷ್ಟೇ.”

ಹಾಗಾದ್ರೆ ಬಿಲ್ ಯಾರದ್ದು?

ವಾಪಸ್ ರೈಲಿಗೆ ಬಿಟ್ಟು ಬರ್ತಾ ಲೆಕ್ಕ ಮಾಡಿದೆ. ಇಬ್ಬರ ತಿಂಡಿ, ಕಾಫಿ ಎಲ್ಲ ಸೇರಿದ್ರೂ ಆ ಕೆಫೆ ಬಿಲ್‌ನ ಅರ್ಧ ಆಗಿರಲಿಲ್ಲ. ಉಳಿದಿದ್ದನ್ನ ಒಂದೊಂದು ಕಾಲದಲ್ಲಿ ಒಬ್ಬೊಬ್ಬರು ಕೊಟ್ಟಿದ್ದಾರೆ. ತುರ್ತುಪರಿಸ್ಥಿತಿಯಲ್ಲಿ ಹೋಟೆಲ್‌ನವರು ಕೊಟ್ರು. ದರ್ಶಿನಿಯಲ್ಲಿ ನಾವೇ ನಿಂತು ಕೊಡ್ತೀವಿ. ಕಾಫಿ ಹೌಸ್‌ನಲ್ಲಿ ಕೆಲಸಗಾರರು ದೊಡ್ಡ ಲಾಭದ ಆಸೆ ಬಿಟ್ಟು ಕೊಡ್ತಾರೆ. 2017ರ ಆಗಸ್ಟ್‌ನಲ್ಲಿ ಬೆಂಗಳೂರಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್‌ನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಟ್ರಲ್ಲ, ಅಲ್ಲಿ ತೆರಿಗೆ ಕಟ್ಟೋರೆಲ್ಲ ಸೇರಿ ಕೊಡ್ತಾರೆ. ನನಗೆ ಇದರಲ್ಲಿ ತಪ್ಪೇನೂ ಕಾಣಲ್ಲ, ಎಲ್ಲರೂ ಹಂಚಿಕೊಂಡು ಹೊರೋವರೆಗೆ. ತಾತನ ಕಾಲದಲ್ಲಿ ಆಗಿದ್ದು ಅದಲ್ಲ. ಕಾಸು ಪೂರ್ತಿ ಕೊಟ್ಟೂ ಮಾನ ಕಳ್ಕೊಂಡು ಕುಡಿದವರು ಅವರು. ಅಷ್ಟು ದುಬಾರಿ ಕಾಫಿ ಆ ಕೆಫೆಯಲ್ಲೂ ಇರಲಿಲ್ಲ.

ನೀವೂ ಒಂದು ದಿನ ಹೀಗೆ ಹೊರಡೋದಾದ್ರೆ, ಶುಕ್ರವಾರ ಬಿಟ್ಟು ಬೇರೆ ದಿನ ಇಟ್ಕೊಳ್ಳಿ, ಮೆಟ್ರೋ ಕಾರ್ಡ್ ರೀಚಾರ್ಜ್ ಮಾಡ್ಸಿ, ಮನೆಯ ಹಿರಿಯರನ್ನ ಕರ್ಕೊಂಡು ಹೋಗಿ. ಕೂರೋ ಜಾಗ ಮೊದಲು ನೋಡಿ. ಕಾಫಿ ಬಂದ್ಮೇಲೆ ಒಂದು ಪ್ರಶ್ನೆ ಕೇಳಿ: ನೀವು ಮೊದಲ ಸಲ ಹೋಟೆಲ್ ಕಾಫಿ ಕುಡಿದಿದ್ದು ಎಲ್ಲಿ, ಒಳಗೆ ಕೂತಾ, ಹೊರಗೆ ನಿಂತಾ?

ಅವರು ಹೇಳಿದ್ದನ್ನ ಅವರ ದನಿಯಲ್ಲೇ ರೆಕಾರ್ಡ್ ಮಾಡಿ, ಒಪ್ಪಿದ್ರೆ ನಮಗೆ ವಾಯ್ಸ್ ನೋಟ್ ಕಳಿಸಿ.