ಪೀಣ್ಯದ ಷೆಡ್ಡಿಗೆ ಬಂದ ವಿದ್ಯಾರ್ಥಿ



2023ರ ಆಗಸ್ಟ್ 23ರ ಸಂಜೆ ತಾವು ಎಲ್ಲಿದ್ದಿರಿ ಎಂದು ಕೇಳಿದರೆ, ಹೆಚ್ಚಿನವರು ಟಿ.ವಿ. ಮುಂದೆ ಎಂದೇ ಉತ್ತರಿಸುತ್ತೀರಿ. ಚಂದ್ರಯಾನ-3ರ ‘ವಿಕ್ರಮ್’ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯುವ ಆ ಹೊತ್ತಿನಲ್ಲಿ, ಸಾಲುಸಾಲಾಗಿ ಕಂಪ್ಯೂಟರುಗಳನ್ನು ಇಟ್ಟುಕೊಂಡು ಕುಳಿತಿದ್ದ ವಿಜ್ಞಾನಿಗಳನ್ನು ತಾವು ಪರದೆಯ ಮೇಲೆ ನೋಡಿದಿರಿ. ಆ ಸಭಾಂಗಣ ಇರುವುದು ಎಲ್ಲಿ ಗೊತ್ತೇ? ನಮ್ಮ ಪೀಣ್ಯದಲ್ಲಿ. ಲೇತುಗಳ, ಪ್ರೆಸ್ಸುಗಳ, ಸಿದ್ಧ ಉಡುಪು ಕಾರ್ಖಾನೆಗಳ ನಡುವೆ ಇಸ್ರೋ ಸಂಸ್ಥೆಯ ‘ಇಸ್ಟ್ರಾಕ್’ ಕೇಂದ್ರವಿದೆ. ದೂರದ ನೌಕೆಗಳ ಜಾಡು ಹಿಡಿದು ಅವುಗಳಿಗೆ ಆಜ್ಞೆ ಕಳುಹಿಸುವ ಕೇಂದ್ರ ಅದು.

ಉಪಗ್ರಹಕ್ಕೂ ಪೀಣ್ಯಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಭಾರತದ ಮೊಟ್ಟಮೊದಲ ಉಪಗ್ರಹ ‘ಆರ್ಯಭಟ’ ರೂಪುಗೊಂಡದ್ದು ಇಲ್ಲಿನ ಕೈಗಾರಿಕಾ ಷೆಡ್ಡುಗಳಲ್ಲಿ. ಆ ಕೆಲಸದ ಮುಂದಾಳು ಉಡುಪಿಯ ಉಡುಪಿ ರಾಮಚಂದ್ರ ರಾವ್, ಅಂದರೆ ಯು.ಆರ್. ರಾವ್. ಉಪಗ್ರಹದ ಕಥೆಯನ್ನು ತಾವು ಹಲವು ಸಲ ಕೇಳಿರಬಹುದು. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಅದರ ಹಿಂದಿನ ಕಥೆಯನ್ನು. ಒಬ್ಬ ಬಿ.ಎಸ್ಸಿ. ವಿದ್ಯಾರ್ಥಿ ಕಾಲೇಜಿನಿಂದ ಕಾಲೇಜಿಗೆ, ಊರಿನಿಂದ ಊರಿಗೆ ಹೋಗುತ್ತ ಹೇಗೆ ಬೆಳೆದ ಎಂಬುದನ್ನು.

ಈ ವಿಷಯವನ್ನೇ ಆರಿಸಿಕೊಳ್ಳಲು ಕಾರಣವಿದೆ. ಪ್ರತಿ ವರ್ಷ ಪಿ.ಯು. ಫಲಿತಾಂಶ ಬಂದ ಮೇಲೆ ನಮ್ಮ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: “ಸೀಟು ಸಿಗಲಿಲ್ಲ, ಬರೀ ಬಿ.ಎಸ್ಸಿ.ಗೆ ಸೇರಿಸಿದ್ದೇವೆ.” ನಾನೂ ಆ ‘ಬರೀ ಬಿ.ಎಸ್ಸಿ.’ ಗುಂಪಿನವನೇ. ನೆಂಟರ ಮದುವೆಯಲ್ಲಿ ಪಂಕ್ತಿಗೆ ಕುಳಿತಾಗ ಪಕ್ಕದವರು “ಏನು ಓದ್ತಾ ಇದ್ದೀಯಪ್ಪಾ?” ಎಂದರೆ ಎಲೆಯ ಕಡೆ ನೋಡುತ್ತ ಉತ್ತರಿಸಿದ ದಿನಗಳು ನನಗೆ ಮರೆತಿಲ್ಲ. ರಾವ್ ಅವರ ವಿದ್ಯಾರ್ಥಿ ಜೀವನದ ಬಗ್ಗೆ ಆಗ ಯಾರಾದರೂ ನನಗೆ ಹೇಳಿದ್ದರೆ ಬಹುಶಃ ತಲೆ ಎತ್ತಿ ಉತ್ತರಿಸುತ್ತಿದ್ದೆ.

ಯು.ಆರ್. ರಾವ್ ಹುಟ್ಟಿದ್ದು 1932ರ ಮಾರ್ಚ್ 10ರಂದು, ಉಡುಪಿಯ ಹತ್ತಿರದ ಅದಮಾರು ಎಂಬ ಹಳ್ಳಿಯಲ್ಲಿ. ತಂದೆ ಲಕ್ಷ್ಮೀನಾರಾಯಣ ಆಚಾರ್ಯ, ತಾಯಿ ಕೃಷ್ಣವೇಣಿಯಮ್ಮ. ಮೊದಲ ಅಕ್ಷರಗಳನ್ನು ಕಲಿತದ್ದು ಅದಮಾರಿನಲ್ಲಿ, ಪ್ರೌಢಶಾಲೆ ಓದಿದ್ದು ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ. ಮುಂದೆ ಇಂಟರ್‌ಮೀಡಿಯೆಟ್‌ಗೆ ಬಳ್ಳಾರಿಯ ವೀರಶೈವ ಕಾಲೇಜು, ಬಿ.ಎಸ್ಸಿ.ಗೆ ಅನಂತಪುರದ ಸರ್ಕಾರಿ ಕಾಲೇಜು. ಕಡಲ ತೀರದ ಹುಡುಗ ಬಯಲುಸೀಮೆಯ ಈ ಊರುಗಳಿಗೆ ಬಂದನೇ ಎಂದು ತಮಗೆ ಆಶ್ಚರ್ಯವಾಗಬಹುದು. ಅಂದಿನ ಭೂಪಟವನ್ನು ನೆನಪಿಗೆ ತಂದುಕೊಳ್ಳಿ. ದಕ್ಷಿಣ ಕನ್ನಡ, ಬಳ್ಳಾರಿ, ಅನಂತಪುರ ಮೂರೂ ಜಿಲ್ಲೆಗಳು ಆಗ ಮದರಾಸಿಗೆ ಸೇರಿದ್ದವು. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರಿನಲ್ಲಿ, ದಕ್ಷಿಣ ಕನ್ನಡ ಸೇರಿದ್ದು 1956ರಲ್ಲಿ. ಹೀಗಾಗಿ 1951ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ರಾವ್ ಅವರ ಕೈಗೆ ಬಂದದ್ದು ಮದರಾಸು ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಪದವಿ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈ ಕಾಲೇಜುಗಳಲ್ಲಿ ಯಾವುದೂ ದೇಶವಿಖ್ಯಾತ ಸಂಸ್ಥೆಯಾಗಿರಲಿಲ್ಲ, ಜಿಲ್ಲಾ ಕೇಂದ್ರಗಳ ಸಾಮಾನ್ಯ ಕಾಲೇಜುಗಳು ಅವು. ಆದರೆ ಊರು ಬಿಟ್ಟು ಊರಿಗೆ ಹೋದ ವಿದ್ಯಾರ್ಥಿಗೆ ಪಠ್ಯದ ಜೊತೆಗೆ ಇನ್ನೊಂದು ಪಾಠವೂ ಆಗುತ್ತದೆ. ಉಡುಪಿಯ ತುಳು, ಬಳ್ಳಾರಿಯ ಕನ್ನಡ, ಅನಂತಪುರದ ತೆಲುಗು, ಹೀಗೆ ಎರಡು ಮೂರು ವರ್ಷಕ್ಕೊಮ್ಮೆ ಕಿವಿಗೆ ಹೊಸ ಭಾಷೆ, ನಾಲಿಗೆಗೆ ಹೊಸ ಊಟ. ಗೊತ್ತಿಲ್ಲದ ಜಾಗದಲ್ಲಿ ಗಾಬರಿಯಾಗದೆ ಕೆಲಸ ಶುರುಮಾಡುವುದನ್ನು ಹಾಸ್ಟೆಲಿನ ಜೀವನ ಕಲಿಸಿದಷ್ಟು ಬೇರಾವುದೂ ಕಲಿಸದು. ಮನೆ ಬಿಟ್ಟು ಓದಿದ ತಮ್ಮಲ್ಲಿ ಹಲವರಿಗೆ ಇದು ಸ್ವಂತ ಅನುಭವವೇ ಆಗಿರಬೇಕು.

ಎಂ.ಎಸ್ಸಿ.ಗೆ ರಾವ್ ಇನ್ನೂ ದೂರ, ಕಾಶಿಗೆ, ಬನಾರಸ್ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಹೋದರು. 1953ರಲ್ಲಿ ಭೌತವಿಜ್ಞಾನದ ಎಂ.ಎಸ್ಸಿ. ಪಡೆದರು. ಸ್ವಾರಸ್ಯದ ಸಂಗತಿಯೆಂದರೆ, 1951ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎಸ್ಸಿ. ಮುಗಿಸಿದ ಇನ್ನೊಬ್ಬ ಕನ್ನಡಿಗ ಯುವಕ ಅದೇ ವಿಶ್ವವಿದ್ಯಾನಿಲಯಕ್ಕೆ ರಸಾಯನವಿಜ್ಞಾನ ಓದಲು ಹೋಗಿ 1953ರಲ್ಲೇ ಎಂ.ಎಸ್ಸಿ. ಪಡೆದರು. ಅವರೇ ಮುಂದೆ ಭಾರತರತ್ನರಾದ ಸಿ.ಎನ್.ಆರ್. ರಾವ್. ಬೆಂಗಳೂರಿನ ಹೊರವಲಯದ ಜಕ್ಕೂರಿನಲ್ಲಿ 1989ರಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ಕಟ್ಟಿದವರು. ಒಂದೇ ಕ್ಯಾಂಪಸ್ಸಿನಲ್ಲಿ ಓದಿದ ಇಬ್ಬರು ‘ಬರೀ ಬಿ.ಎಸ್ಸಿ.’ ಹುಡುಗರಲ್ಲಿ ಒಬ್ಬರ ಹೆಸರು ಪೀಣ್ಯದೊಂದಿಗೆ, ಮತ್ತೊಬ್ಬರ ಹೆಸರು ಜಕ್ಕೂರಿನೊಂದಿಗೆ ಸೇರಿಹೋಯಿತು.

ಇಲ್ಲಿಯವರೆಗೆ ರಾವ್ ಅವರು ಬೇರೆಯವರು ಕಂಡುಹಿಡಿದದ್ದನ್ನು ಕಲಿಯುವ ವಿದ್ಯಾರ್ಥಿ. ಅಹಮದಾಬಾದಿನಲ್ಲಿ ಅದು ಬದಲಾಯಿತು. ಅಲ್ಲಿ ವಿಕ್ರಮ್ ಸಾರಾಭಾಯ್ 1947ರಲ್ಲಿ ಭೌತವಿಜ್ಞಾನ ಸಂಶೋಧನಾಲಯವನ್ನು ಆರಂಭಿಸಿದ್ದರು. ಸಾರಾಭಾಯ್ ಅವರಿಗೂ ಬೆಂಗಳೂರಿನ ಋಣವಿದೆ. ಎರಡನೆಯ ಮಹಾಯುದ್ಧದಿಂದಾಗಿ ಕೇಂಬ್ರಿಜ್ ಬಿಟ್ಟು ಬಂದ ಅವರು, ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ವಿಶ್ವಕಿರಣಗಳ ಸಂಶೋಧನೆ ನಡೆಸಿದ್ದರು. ಅದೇ ವಿಶ್ವಕಿರಣಗಳ ಅಧ್ಯಯನಕ್ಕೆ ರಾವ್ ಅವರ ಶಿಷ್ಯರಾದರು.

ವಿಶ್ವಕಿರಣಗಳೆಂದರೆ ಅಂತರಿಕ್ಷದಿಂದ ಭೂಮಿಯ ಮೇಲೆ ಸತತವಾಗಿ ಸುರಿಯುವ, ಅತಿ ಹೆಚ್ಚು ಶಕ್ತಿಯ ಕಣಗಳು. ಅವುಗಳ ಎಣಿಕೆ ದಿನದ ಹೊತ್ತಿಗೆ ತಕ್ಕಂತೆ ಒಂದಿಷ್ಟು ಏರಿಳಿಯುತ್ತದೆ. ಆ ಏರಿಳಿತ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ! ಹೀಗೆ ತಾನೇತಾನಾಗಿ ಬರುವ ಕಣಗಳನ್ನು ಎಣಿಸುವಾಗ ಸಾವಿರದಲ್ಲಿ ಒಂದು ಪಾಲಿನ ವ್ಯತ್ಯಾಸವನ್ನು ನಂಬಿಕೆಯಿಂದ ಹೇಳಬೇಕಾದರೆ ಹತ್ತು ಲಕ್ಷದಷ್ಟು ಕಣಗಳನ್ನಾದರೂ ಎಣಿಸಿರಬೇಕು. ಗಾಳಿಯ ಒತ್ತಡ ಬದಲಾದರೂ ಎಣಿಕೆ ಬದಲಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಉಪಕರಣ ಹಗಲಿರುಳು ನಿಲ್ಲದೆ ನಡೆಯಬೇಕು, ಕೆಟ್ಟರೆ ವಿದ್ಯಾರ್ಥಿಯೇ ರಿಪೇರಿ ಮಾಡಿಕೊಳ್ಳಬೇಕು. ಕಾಲೇಜಿನ ಪ್ರಾಕ್ಟಿಕಲ್ಲಿನಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ರೆಕಾರ್ಡ್ ಪುಸ್ತಕದಲ್ಲಿ ಅದಕ್ಕೆ ತಕ್ಕಂತೆ ಅಂಕಿಗಳನ್ನು ‘ಹೊಂದಿಸಿದವರು’ ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಇಲ್ಲಿ ಉತ್ತರ ಯಾರಿಗೂ ಗೊತ್ತಿಲ್ಲ. ಅಂಕಿಗಳು ಹೇಳಿದ್ದನ್ನು ಕೇಳುವುದೊಂದೇ ದಾರಿ. ಈ ಶಿಸ್ತಿನಲ್ಲಿ ಪಳಗಿದ ರಾವ್ 1960ರಲ್ಲಿ ಗುಜರಾತ್ ವಿಶ್ವವಿದ್ಯಾನಿಲಯದಿಂದ ಪಿಎಚ್.ಡಿ. ಪಡೆದರು.

ಮುಂದೆ ಅಮೆರಿಕದ ಎಂ.ಐ.ಟಿ.ಗೆ ಹೋದರು. 1962ರಲ್ಲಿ ಶುಕ್ರಗ್ರಹದತ್ತ ಹಾರಿದ ‘ಮ್ಯಾರಿನರ್-2’ ನೌಕೆ ಸೂರ್ಯನಿಂದ ಎಡೆಬಿಡದೆ ಬೀಸುವ ಸೌರಮಾರುತದ ವೇಗವನ್ನು ಅಳೆದಿತ್ತು. ಆ ವೇಗಕ್ಕೂ ಭೂಮಿಯ ಕಾಂತಕ್ಷೇತ್ರದ ಕಲಕಾಟಕ್ಕೂ ಇರುವ ಸಂಬಂಧವನ್ನು ತೋರಿಸಿದ 1963ರ ಪ್ರಬಂಧದ ಮೂವರು ಲೇಖಕರಲ್ಲಿ ರಾವ್ ಒಬ್ಬರು. ನಂತರ ಡಲ್ಲಾಸಿನಲ್ಲಿ ‘ಪಯೋನಿಯರ್’ ಸರಣಿಯ ನೌಕೆಗಳಿಗಾಗಿ ವಿಶ್ವಕಿರಣ ಪ್ರಯೋಗಗಳಲ್ಲಿ ಕೆಲಸ ಮಾಡಿದರು. 1966ರಲ್ಲಿ ಅಹಮದಾಬಾದಿಗೆ ಹಿಂದಿರುಗಿದರು.

ಈಗ ಪೀಣ್ಯಕ್ಕೆ ಬರೋಣ. 1971ರ ಡಿಸೆಂಬರ್ 30ರಂದು ಸಾರಾಭಾಯ್ ತೀರಿಕೊಂಡರು. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಅವರ ಹೆಗಲಿಗೆ 1972ರಲ್ಲಿ ಬಾಹ್ಯಾಕಾಶ ಕಾರ್ಯಕ್ರಮದ ಹೊಣೆ ಬಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ, ಭಾರತ ತಯಾರಿಸುವ ಉಪಗ್ರಹವನ್ನು ಸೋವಿಯತ್ ಒಕ್ಕೂಟ ಹಾರಿಸಿಕೊಡುವ ಒಪ್ಪಂದವಾಯಿತು. ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಆಸ್ಬೆಸ್ಟಾಸ್ ಶೀಟಿನ ಕೆಲವು ಷೆಡ್ಡುಗಳು ಸಿಕ್ಕವು. ನಲವತ್ತರ ಹರೆಯದ ರಾವ್ ಅವರ ಜೊತೆ ಅಲ್ಲಿ ಸೇರಿದವರಲ್ಲಿ ಬಹುಪಾಲು ಮಂದಿ ಆಗಷ್ಟೇ ಓದು ಮುಗಿಸಿದ ವಿಜ್ಞಾನ ಹಾಗೂ ಎಂಜಿನಿಯರಿಂಗ್ ಪದವೀಧರರು. ಉಪಗ್ರಹ ತಯಾರಿಸಿದ ಅನುಭವ ಅವರಿಗಿರಲಿಲ್ಲ.

ಹೀಗೆ ಆ ಷೆಡ್ಡುಗಳೇ ಒಂದು ಕಾಲೇಜಾದವು ಎನ್ನಬಹುದು. ಧೂಳು ಸೇರದಂತೆ ಷೆಡ್ಡಿನೊಳಗೇ ಶುದ್ಧ ಕೊಠಡಿ ಕಟ್ಟಿಕೊಂಡರು. ಅಂತರಿಕ್ಷದ ಬಿಸಿ, ಚಳಿ, ನಿರ್ವಾತಗಳಲ್ಲಿ ಯಂತ್ರ ಹೇಗೆ ನಡೆದುಕೊಳ್ಳುತ್ತದೆ ಎಂದು ನೆಲದ ಮೇಲೆಯೇ ಪರೀಕ್ಷಿಸುವುದನ್ನು ಕಲಿತರು. ಸೌರಕೋಶ, ಬ್ಯಾಟರಿಗಳಂಥ ಕೆಲವು ಭಾಗಗಳನ್ನು ಸೋವಿಯತ್ ಒಕ್ಕೂಟ ಕೊಟ್ಟಿತು, ಉಳಿದದ್ದನ್ನು ತಾವೇ ಮಾಡಿಕೊಂಡರು. ಜಾಗವಿಲ್ಲದೆ ಒಂದು ಶೌಚಾಲಯವನ್ನೇ ಮಾಹಿತಿ ಸ್ವೀಕರಿಸುವ ಕೇಂದ್ರವಾಗಿ ಮಾರ್ಪಡಿಸಿಕೊಂಡದ್ದೂ ಉಂಟು. ಗೊತ್ತಿಲ್ಲದ ಕಡೆ ಗಾಬರಿಯಾಗದೆ ಕೆಲಸ ಶುರುಮಾಡುವ, ಅಂಕಿ ಹೇಳಿದ್ದನ್ನು ಕೇಳುವ ರಾವ್ ಅವರ ವಿದ್ಯಾರ್ಥಿ ದಿನಗಳ ಗುಣಗಳು ಬೇಕಾಗಿ ಬಂದದ್ದು ಇಲ್ಲಿಯೇ.

1975ರ ಏಪ್ರಿಲ್ 19ರಂದು, ಸುಮಾರು 360 ಕಿಲೋಗ್ರಾಂ ತೂಕದ ಆರ್ಯಭಟ ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್ ಉಡಾವಣಾ ನೆಲೆಯಿಂದ ಕಕ್ಷೆ ಸೇರಿತು. ಇಲ್ಲಿಗೆ ಕಥೆ ಸುಖಾಂತವಾಗಿ ಮುಗಿಯಲಿಲ್ಲ. ನಾಲ್ಕೈದು ದಿನಗಳಲ್ಲಿ ವಿದ್ಯುತ್ ಪೂರೈಕೆಯಲ್ಲಿ ದೋಷ ಕಾಣಿಸಿಕೊಂಡು ಅದರಲ್ಲಿದ್ದ ಮೂರು ವೈಜ್ಞಾನಿಕ ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು. ಕ್ಷ-ಕಿರಣ ಖಗೋಳವಿಜ್ಞಾನ, ಸೌರಭೌತವಿಜ್ಞಾನ ಮತ್ತು ಮೇಲಿನ ವಾಯುಮಂಡಲಕ್ಕೆ ಸಂಬಂಧಿಸಿದ ಪ್ರಯೋಗಗಳು ಅವು. ಮೂರು ವರ್ಷ ದುಡಿದವರಿಗೆ ಅದೆಂಥ ನೋವಾಗಿರಬೇಕು ಎಂಬುದನ್ನು ಪರೀಕ್ಷೆಯ ಹಿಂದಿನ ರಾತ್ರಿಯೆಲ್ಲ ಓದಿ ಮರುದಿನ ಎಡವಿದ ಯಾವ ವಿದ್ಯಾರ್ಥಿಯೂ ಊಹಿಸಬಲ್ಲ. ಆದರೆ ಉಪಗ್ರಹದ ಉಳಿದ ವ್ಯವಸ್ಥೆಗಳು ಕೆಲಸ ಮಾಡುತ್ತಿದ್ದವು, ಅದರೊಂದಿಗೆ ಸಂಪರ್ಕ ಮುಂದುವರಿಯಿತು. ಕಲಿತದ್ದು ವ್ಯರ್ಥವಾಗಲಿಲ್ಲ. 1979ರ ಜೂನಿನಲ್ಲಿ ‘ಭಾಸ್ಕರ’, 1981ರ ಜೂನಿನಲ್ಲಿ ಸಂಪರ್ಕ ಉಪಗ್ರಹ ‘ಆ್ಯಪಲ್’, 1988ರ ಮಾರ್ಚಿನಲ್ಲಿ ದೂರಸಂವೇದಿ ಉಪಗ್ರಹ ‘ಐ.ಆರ್.ಎಸ್.-1ಎ’ ಮೇಲೇರಿದವು. 1984ರಿಂದ 1994ರವರೆಗೆ ರಾವ್ ಇಸ್ರೋದ ಅಧ್ಯಕ್ಷರಾಗಿದ್ದರು. 2017ರ ಜುಲೈ 24ರಂದು ನಿಧನರಾದರು. ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಈಗ ಅವರ ಹೆಸರನ್ನೇ ಇಡಲಾಗಿದೆ. ತಮ್ಮ ಮನೆಗೆ ಉಪಗ್ರಹದ ಮೂಲಕ ನಮ್ಮ ಕಾರ್ಯಕ್ರಮಗಳು ಬರುವುದರ ಹಿಂದೆಯೂ ಆ ಷೆಡ್ಡಿನ ಪಾಠಗಳಿವೆ.

ಬಿ.ಎಸ್ಸಿ. ಓದಿದವರೆಲ್ಲ ಉಪಗ್ರಹ ಮಾಡುತ್ತಾರೆಂದು ನಾನು ಹೇಳುತ್ತಿಲ್ಲ. ಪೀಣ್ಯದ ಕಾರ್ಖಾನೆಯ ಗುಣಮಟ್ಟ ಪರೀಕ್ಷೆಯ ಮೇಜಿನ ಮುಂದೆ, ವೈಟ್‌ಫೀಲ್ಡಿನ ರಾತ್ರಿ ಪಾಳಿಯಲ್ಲಿ ದುಡಿಯುವ ವಿಜ್ಞಾನ ಪದವೀಧರರು ಎಷ್ಟೋ ಮಂದಿ. ಅವರ ಓದೂ ಅಲ್ಲಿಗೇ ನಿಲ್ಲಬೇಕಾಗಿಲ್ಲ. 1995ರಲ್ಲಿ ವಿಪ್ರೋ ಸಂಸ್ಥೆ ಬಿ.ಎಸ್ಸಿ. ಪದವೀಧರರನ್ನು ಕೆಲಸಕ್ಕೆ ಸೇರಿಸಿಕೊಂಡು, ಪಿಲಾನಿಯ ಬಿಟ್ಸ್ ಜೊತೆಗೂಡಿ ಅವರಿಗೆ ಎಂ.ಎಸ್. ಓದಿಸುವ ಯೋಜನೆ ಆರಂಭಿಸಿತು. ಕೆಲಸದ ಜಾಗವೂ ಕಾಲೇಜಾಗಬಲ್ಲದು ಎಂಬುದನ್ನು ಪೀಣ್ಯದ ಷೆಡ್ಡು ಅದಕ್ಕೂ ಇಪ್ಪತ್ತು ವರ್ಷ ಮೊದಲೇ ತೋರಿಸಿಕೊಟ್ಟಿತ್ತು.

ರಾವ್ ಅವರನ್ನು ಬೆಳೆಸಿದ್ದು ಕಾಲೇಜಿನ ಹೆಸರಲ್ಲ. ಪ್ರತಿ ಹಂತದಲ್ಲೂ ಅವರು ಮತ್ತೆ ಹೊಸ ವಿದ್ಯಾರ್ಥಿಯಾಗಲು ಸಿದ್ಧರಿದ್ದರು. ಅನಂತಪುರದಿಂದ ಕಾಶಿಗೆ, ಅಲ್ಲಿಂದ ಅಹಮದಾಬಾದಿಗೆ, ಕೊನೆಗೆ ನಲವತ್ತನೆಯ ವಯಸ್ಸಿನಲ್ಲಿ ಪೀಣ್ಯದ ಷೆಡ್ಡಿಗೆ. ಮುಂದಿನ ಸಲ ಹಸಿರು ಮಾರ್ಗದ ಮೆಟ್ರೋದಲ್ಲಿ ಪೀಣ್ಯ ದಾಟುವಾಗ ಕಿಟಕಿಯಿಂದ ಹೊರಗೆ ಒಮ್ಮೆ ನೋಡಿ, ಪಕ್ಕದಲ್ಲಿ ಮಕ್ಕಳಿದ್ದರೆ ಅವರಿಗೂ ಈ ಕಥೆ ಹೇಳಿ. ಮನೆಯ ಮಗನೋ ಮಗಳೋ ಏನು ಓದುತ್ತಿದ್ದಾರೆ ಎಂದು ಯಾರಾದರೂ ಕೇಳಿದಾಗ “ಬಿ.ಎಸ್ಸಿ.” ಎಂದಷ್ಟೇ ಹೇಳಿ. ಅದರ ಹಿಂದಿನ ‘ಬರೀ’ ಎಂಬ ಪದವನ್ನು ದಯವಿಟ್ಟು ಬಿಟ್ಟುಬಿಡಿ.