ರೊಟ್ಟಿಯ ನಡುವಿನ ಇಟ್ಟಿಗೆ



ಕೆಲವು ವರ್ಷಗಳ ಹಿಂದೆ ನಾನು ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರದಲ್ಲಿ, ದೇವಾಲಯದ ಮುಂದಿನ ರಸ್ತೆಯಲ್ಲೇ ಒಂದು ಬಾರ್ ಅಂಡ್ ರೆಸ್ಟೋರೆಂಟ್ ತೆರೆಯಲಿದೆ ಎಂಬ ಸುದ್ದಿ ಹಬ್ಬಿತು. ಮಾತೆಯರ ಸಂಘದವರು ಮನವಿ ಪತ್ರ ಸಿದ್ಧಪಡಿಸಿದರು. ಮೊದಲ ಸಹಿ ನನ್ನದೇ. ಪ್ರಾರ್ಥನಾ ಮಂದಿರ ಹಾಗೂ ಶಾಲೆಗಳಿಂದ 100 ಮೀಟರಿನೊಳಗೆ ಮದ್ಯದಂಗಡಿಗೆ ಅನುಮತಿ ಕೊಡಬಾರದೆಂದು ನಮ್ಮ ರಾಜ್ಯದ ಅಬಕಾರಿ ನಿಯಮ ಹೇಳುತ್ತದೆ. ಯುವಕರು ಟೇಪು ಹಿಡಿದು ಅಳೆದರು. ದೇವಾಲಯದ ಗೇಟಿನಿಂದ ಆ ಕಟ್ಟಡದ ಬಾಗಿಲಿಗೆ 92 ಮೀಟರ್. ಗೆದ್ದೆವು ಎಂದುಕೊಂಡೆವು. ಎರಡು ತಿಂಗಳು ಕಳೆಯುವಷ್ಟರಲ್ಲಿ ಕಟ್ಟಡದ ಮುಂಬಾಗಿಲಿದ್ದ ಜಾಗದಲ್ಲಿ ಗೋಡೆ ಎದ್ದಿತು, ಪಕ್ಕದ ಓಣಿಯಲ್ಲಿ ಹೊಸ ಬಾಗಿಲು ತೆರೆಯಿತು. ಬಾಗಿಲಿನಿಂದ ಬಾಗಿಲಿಗೆ ನಡೆಯುವ ದಾರಿಯನ್ನು ಅಳೆದರೆ 100 ಮೀಟರ್ ದಾಟಿತ್ತು. ನಿಯಮ ಪಾಲನೆಯಾಯಿತು, ಅಂಗಡಿಯೂ ನಡೆಯಿತು.

ಅಂದು ಬಂದ ಸಿಟ್ಟಿನಲ್ಲೇ ನಾನು ಇಂತಹ ಕಾನೂನುಗಳ ಚರಿತ್ರೆಯನ್ನು ಓದಲಾರಂಭಿಸಿದೆ. ಬಾಗಿಲು ಬದಲಿಸುವ ಜಾಣತನ ನಮ್ಮೂರಿನವರು ಕಂಡುಹಿಡಿದದ್ದಲ್ಲವೆಂದು ಆಗ ತಿಳಿಯಿತು. ಇದರ ಅತ್ಯಂತ ವಿಚಿತ್ರವಾದ ಉದಾಹರಣೆ ಅಮೆರಿಕದ ನ್ಯೂಯಾರ್ಕ್ ರಾಜ್ಯದ್ದು. ಅಲ್ಲಿ ನಡೆದದ್ದನ್ನು ತುಸು ವಿವರವಾಗಿಯೇ ನಿಮ್ಮ ಮುಂದಿಡುತ್ತೇನೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ನ್ಯೂಯಾರ್ಕ್ ನಗರವು ವಲಸೆ ಬಂದ ಬಡವರಿಂದ ತುಂಬಿ ತುಳುಕುತ್ತಿತ್ತು. ಐರ್ಲೆಂಡಿನವರು, ಜರ್ಮನಿಯವರು, ಆಮೇಲೆ ಇಟಲಿಯವರು. ಇವರಲ್ಲಿ ಬಹಳಷ್ಟು ಮಂದಿ ನಮ್ಮ ಕಥೋಲಿಕ ಧರ್ಮಸಭೆಯ ಮಕ್ಕಳೇ. ಗಾಳಿ ಬೆಳಕಿಲ್ಲದ ವಠಾರದ ಕೋಣೆಗಳಲ್ಲಿ ವಾಸ, ವಾರಕ್ಕೆ ಆರು ದಿನ ದುಡಿತ, ಬಿಡುವೆಂದರೆ ಭಾನುವಾರ ಒಂದೇ. ಅಂಥವರಿಗೆ ಬೀದಿ ಮೂಲೆಯ 'ಸಲೂನು' ಎರಡನೆಯ ಮನೆಯಾಗಿತ್ತು. (ನಮ್ಮಲ್ಲಿ ಸಲೂನು ಎಂದರೆ ಕ್ಷೌರದಂಗಡಿ, ಅಲ್ಲಿ ಆ ಹೆಸರು ಪಾನಗೃಹಕ್ಕೆ ಸೇರಿದ್ದು.) ಬೆಚ್ಚಗಿನ ಜಾಗ, ದೀಪ, ಊರಿನವರ ಮಾತು, ಕೆಲಸ ಎಲ್ಲಿ ಸಿಗುತ್ತದೆಂಬ ಸುದ್ದಿ ಎಲ್ಲವೂ ಅಲ್ಲಿದ್ದವು. ಐದು ಸೆಂಟಿನ ಒಂದು ಲೋಟ ಬಿಯರ್ ಕೊಂಡವನಿಗೆ ಅಲ್ಲಿ ಊಟವೂ ಪುಕ್ಕಟೆಯಾಗಿ ದೊರೆಯುತ್ತಿತ್ತು. ವಾರದ ಕೂಲಿ ಸಹ ಅಲ್ಲಿಯೇ ಕರಗಿಹೋಗುತ್ತಿತ್ತು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಭಾನುವಾರ ಮದ್ಯ ಮಾರಬಾರದೆಂಬ ಕಾನೂನು ಆ ರಾಜ್ಯದಲ್ಲಿ 1857ರಿಂದಲೂ ಇತ್ತು. ಆದರೆ ಮುಂದಿನ ಬಾಗಿಲು ಮುಚ್ಚಿ ಪಕ್ಕದ ಬಾಗಿಲು ತೆರೆದಿಡುವುದು, ಅದಕ್ಕಾಗಿ ಪೊಲೀಸರಿಗೆ ಮಾಮೂಲು ಸಲ್ಲಿಸುವುದು ವಾಡಿಕೆಯಾಗಿತ್ತು. 1895ರಲ್ಲಿ ನಗರದ ಪೊಲೀಸ್ ಮಂಡಳಿಯ ಅಧ್ಯಕ್ಷರಾಗಿ ಬಂದ ಥಿಯೊಡೋರ್ ರೂಸ್‌ವೆಲ್ಟ್ (ಮುಂದೆ ಅಮೆರಿಕದ ಅಧ್ಯಕ್ಷರಾದವರು) ಈ ಮಾಮೂಲಿನ ವ್ಯವಸ್ಥೆಯನ್ನು ಮುರಿಯಲು ಪಣತೊಟ್ಟು ಕಾನೂನನ್ನು ಅಕ್ಷರಶಃ ಜಾರಿಗೆ ತಂದರು. ಕಥೋಲಿಕ ಪಾನವರ್ಜಕರ ಒಕ್ಕೂಟವು ಅದೇ ವರ್ಷ ನ್ಯೂಯಾರ್ಕಿನಲ್ಲಿ ಸಮ್ಮೇಳನ ನಡೆಸಿದಾಗ ಅವರು ಅಲ್ಲಿಗೂ ಬಂದು ಮಾತನಾಡಿದರು. ಆದರೆ ಜರ್ಮನ್ ಕುಟುಂಬಗಳು ಕೆರಳಿದವು. ಭಾನುವಾರ ಪೂಜೆ ಮುಗಿಸಿ, ಹೆಂಡತಿ ಮಕ್ಕಳೊಡನೆ ತೋಟದಲ್ಲಿ ಕುಳಿತು, ವಾದ್ಯ ಕೇಳುತ್ತಾ ಒಂದು ಲೋಟ ಬಿಯರ್ ಕುಡಿಯುವುದರಲ್ಲಿ ಪಾಪವೇನೆಂದು ಅವು ಕೇಳಿದವು. ಮತ್ತೊಂದು ಪ್ರಶ್ನೆ ಇನ್ನೂ ಚುರುಕಾಗಿತ್ತು: ದೊಡ್ಡ ಹೋಟೆಲುಗಳಲ್ಲಿ ತಂಗಿದ ಅತಿಥಿಗಳಿಗೆ ಊಟದ ಜೊತೆಗೆ ಭಾನುವಾರವೂ ದ್ರಾಕ್ಷಾರಸ ಬಡಿಸಬಹುದಾಗಿತ್ತು. ಹಾಗಾದರೆ ಉಳ್ಳವನ ಮೇಜಿನ ಮೇಲೆ ಸಭ್ಯವೆನಿಸಿದ್ದು ಕೂಲಿಯವನ ಕೈಯಲ್ಲಿ ಅಪರಾಧವಾಗುವುದು ಹೇಗೆ? ಆ ವರ್ಷದ ನವೆಂಬರ್ ಚುನಾವಣೆಯಲ್ಲಿ ರೂಸ್‌ವೆಲ್ಟರ ಪಕ್ಷ ನಗರದಲ್ಲಿ ಸೋತಿತು.

ಇದಕ್ಕೆ ಉತ್ತರವಾಗಿ ಬಂದದ್ದು 1896ರ ಮಾರ್ಚ್ ತಿಂಗಳಿನ ರೇನ್ಸ್ ಕಾನೂನು. ಗ್ರಾಮೀಣ ಭಾಗದ ಸೆನೆಟರ್ ಜಾನ್ ರೇನ್ಸ್ ಅವರ ಹೆಸರು ಅದಕ್ಕೆ ಬಂತು. ಪರವಾನಗಿಯ ಅಧಿಕಾರವನ್ನು ನಗರದ ಕೈಯಿಂದ ರಾಜ್ಯದ ಕೈಗೆ ತೆಗೆದುಕೊಂಡ ಈ ಕಾನೂನು, ನ್ಯೂಯಾರ್ಕ್ ನಗರದಲ್ಲಿ ವಾರ್ಷಿಕ ಶುಲ್ಕವನ್ನು 800 ಡಾಲರಿಗೆ ಏರಿಸಿತು; ಕುಡಿಯುವ ವಯಸ್ಸನ್ನು 16ರಿಂದ 18ಕ್ಕೆ ಹೆಚ್ಚಿಸಿತು; ಪುಕ್ಕಟೆ ಊಟವನ್ನು ನಿಷೇಧಿಸಿತು (ಮರುವರ್ಷವೇ ಈ ಒಂದು ಅಂಶವನ್ನು ಹಿಂದೆಗೆದುಕೊಳ್ಳಬೇಕಾಯಿತು). ಭಾನುವಾರದ ವಿನಾಯಿತಿ ಮಾತ್ರ ಹೋಟೆಲಿಗೇ ಉಳಿಯಿತು: ಅಲ್ಲಿ ಊಟದೊಡನೆ ಮದ್ಯ ಬಡಿಸಬಹುದು. ಹೋಟೆಲೆಂದರೆ ಏನು? ತಂಗಲು ಕನಿಷ್ಠ 10 ಕೋಣೆಗಳಿರುವ ಕಟ್ಟಡ. ಊಟವೆಂದರೆ ಏನು? ಇದನ್ನು ಕಾನೂನು ಸ್ಪಷ್ಟವಾಗಿ ಹೇಳಲಿಲ್ಲ.

ಕಾನೂನು ಮಾಡಿದವರು ಇಲ್ಲಿ ಎಡವಿದರು. ಸಲೂನಿನ ಮಾಲೀಕರು ಮಹಡಿಯ ಮೇಲೆ, ಹಿತ್ತಿಲಲ್ಲಿ, ನೆಲಮಾಳಿಗೆಯಲ್ಲಿ ಹಲಗೆ ಅಡ್ಡಗಟ್ಟಿ ಹತ್ತು ಗೂಡುಗಳನ್ನು ಮಾಡಿದರು. ಒಂದೊಂದರಲ್ಲಿ ಒಂದು ಮಂಚ ಹಾಕಿ 'ಹೋಟೆಲ್' ಎಂಬ ಫಲಕ ತೂಗುಹಾಕಿದರು. ಕೆಲವೇ ತಿಂಗಳುಗಳಲ್ಲಿ ಇಂತಹ ಹೋಟೆಲುಗಳು ಸಾವಿರಕ್ಕೂ ಹೆಚ್ಚು ಹುಟ್ಟಿಕೊಂಡವು. ಊಟದ ಲೆಕ್ಕಕ್ಕೆ ಎರಡು ತುಂಡು ರೊಟ್ಟಿಯ ನಡುವೆ ಏನಾದರೊಂದನ್ನು ಇಟ್ಟು ಮೇಜಿನ ಮೇಲೆ ತಂದಿಟ್ಟರೆ ಸಾಕಾಯಿತು. ಗಿರಾಕಿ ಅದನ್ನು ಮುಟ್ಟುತ್ತಿರಲಿಲ್ಲ. ಅವನು ಎದ್ದುಹೋದ ಬಳಿಕ ಅದೇ ತಟ್ಟೆ ಪಕ್ಕದ ಮೇಜಿಗೆ ಹೋಗುತ್ತಿತ್ತು. ನಗರದ ಬಡವರ ಬದುಕನ್ನು ಬರೆದು ಖ್ಯಾತರಾದ ಪತ್ರಕರ್ತ ಜೇಕಬ್ ರೀಸ್ ಅವರು 1902ರಲ್ಲಿ ಬರೆದಂತೆ, ಕೆಲವರು ಕಾನೂನನ್ನು ಅಣಕಿಸಲೆಂದೇ ರೊಟ್ಟಿಯ ನಡುವೆ ಇಟ್ಟಿಗೆಯನ್ನು ಇಡುತ್ತಿದ್ದರು. ತನ್ನ ಮುಂದಿಟ್ಟದ್ದನ್ನು ನಿಜಕ್ಕೂ ತಿನ್ನಹೊರಟ ಒಬ್ಬ ಗಿರಾಕಿಗೂ ಅಂಗಡಿಯವನಿಗೂ ಜಗಳವಾಗಿ, ಪೊಲೀಸರು ಬಂದು ಆ ರೊಟ್ಟಿಯನ್ನು ಅಂಗಡಿಯವನಿಗೇ ಮರಳಿಸಿದರಂತೆ. ಕಥೋಲಿಕ ಮನೆತನದಲ್ಲಿ ಹುಟ್ಟಿದ ನಾಟಕಕಾರ ಯೂಜೀನ್ ಓನೀಲ್, 1912ರ ಇಂತಹ ಒಂದು ಹೋಟೆಲನ್ನೇ ತಮ್ಮ 'ದಿ ಐಸ್‌ಮ್ಯಾನ್ ಕಮೆತ್' ನಾಟಕಕ್ಕೆ ರಂಗಸ್ಥಳವಾಗಿಸಿಕೊಂಡರು.

ರೊಟ್ಟಿಯನ್ನು ದೇವರ ಮಹಾದಾನವೆಂದು ಕಾಣುವ ನಮ್ಮಂಥವರಿಗೆ ಈ ಕಥೆ ನಗು ತರಿಸಿದರೂ, ನಗು ಬಹಳ ಹೊತ್ತು ನಿಲ್ಲುವುದಿಲ್ಲ. ಏಕೆಂದರೆ ಆ ಹತ್ತು ಕೋಣೆಗಳ ಕಥೆ ಬಾಕಿಯಿದೆ. ಶುಲ್ಕ ದುಬಾರಿ, ಕೋಣೆಗಳೋ ಖಾಲಿ. ಪ್ರಯಾಣಿಕರು ಯಾರೂ ಬಾರದ ಅಂಥ ಕೋಣೆಗಳನ್ನು ಮಾಲೀಕರು ಗಂಟೆಗಳ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟರು. ವೇಶ್ಯಾವೃತ್ತಿಯು ಪಾನಗೃಹದ ಮಹಡಿಗೇ ಏರಿತು. ಕುಡಿತವನ್ನು ತಡೆಯಲು ಬಂದ ಕಾನೂನು, ಮೊದಲು ಇಲ್ಲದಿದ್ದ ಕಡೆಯೂ ಹೆಣ್ಣುಮಕ್ಕಳ ಮಾರಾಟಕ್ಕೆ ಸೂರು ಕಟ್ಟಿಕೊಟ್ಟಿತು. ಭಾನುವಾರದ ಪಾವಿತ್ರ್ಯವನ್ನು ಕಾಪಾಡುವ ಹೆಸರಿನಲ್ಲಿ ಇದಾಯಿತು ಎಂಬುದನ್ನು ಗುರುವಾದ ನಾನು ಮರೆಯಲಾರೆ. 1905ರಲ್ಲಿ ನಗರದ ಕೆಲವು ಪ್ರಮುಖರು ಸೇರಿ 'ಹದಿನಾಲ್ವರ ಸಮಿತಿ'ಯನ್ನು ರಚಿಸಿಕೊಂಡು ಈ ಹೋಟೆಲುಗಳ ವಿರುದ್ಧ ಹೋರಾಡಿದರು. ಅವರ ದಾರಿ ಗಮನಾರ್ಹ. ತಪಾಸಣೆಗೆ ಕಾನೂನಿನ ಬಲವನ್ನು ಪಡೆದದ್ದಲ್ಲದೆ, ಬಿಯರ್ ತಯಾರಕರನ್ನೂ ಪರವಾನಗಿಗೆ ಜಾಮೀನು ನಿಲ್ಲುವ ಕಂಪನಿಗಳನ್ನೂ ಕಂಡು, ಕೆಟ್ಟ ಹೋಟೆಲುಗಳಿಗೆ ಸರಕನ್ನೂ ಜಾಮೀನನ್ನೂ ನಿಲ್ಲಿಸುವಂತೆ ಒಪ್ಪಿಸಿದರು. ಬಾಗಿಲು ಬದಲಿಸಬಹುದು, ಜಾಮೀನುದಾರ ಹಿಂದೆ ಸರಿದರೆ ಅಂಗಡಿ ನಡೆಯದು.

ಹಾಗೆಂದು ಸೆನೆಟರ್ ರೇನ್ಸರನ್ನು ಮೂರ್ಖರೆಂದು ಬಗೆಯಬೇಡಿ. ಕುಡುಕ ಗಂಡನ ದಾರಿ ಕಾಯುತ್ತಾ ಕುಳಿತ ಹೆಂಗಸರ ಅಳಲು ಸುಳ್ಳಾಗಿರಲಿಲ್ಲ. ನಮ್ಮ ಧರ್ಮಸಭೆಯೂ ಅದನ್ನು ಕೇಳಿಸಿಕೊಂಡಿತ್ತು. ಐರ್ಲೆಂಡಿನ ಕಾರ್ಕ್ ಪಟ್ಟಣದಲ್ಲಿ 1838ರಲ್ಲಿ ಪಾನವರ್ಜನೆಯ ಪ್ರತಿಜ್ಞೆಯನ್ನು ಆರಂಭಿಸಿದ ಕಪುಚಿನ್ ಗುರು ಥಿಯೊಬಾಲ್ಡ್ ಮ್ಯಾಥ್ಯೂ, 1849ರಿಂದ 1851ರವರೆಗೆ ಅಮೆರಿಕದಲ್ಲಿ ಊರೂರು ಸುತ್ತಿ ಲಕ್ಷಾಂತರ ಜನರಿಂದ ಪ್ರತಿಜ್ಞೆ ಮಾಡಿಸಿದರು. ನಾನು ಮೇಲೆ ಹೇಳಿದ ಒಕ್ಕೂಟ 1872ರಲ್ಲಿ ಹುಟ್ಟಿತು. 1884ರ ಬಾಲ್ಟಿಮೋರ್ ಮಹಾಸಭೆಯು ಮದ್ಯದ ವ್ಯಾಪಾರದಲ್ಲಿದ್ದ ಕಥೋಲಿಕರು ಸಾಧ್ಯವಾದರೆ ಬೇರೆ ಗೌರವಯುತ ಜೀವನೋಪಾಯವನ್ನು ಹುಡುಕಿಕೊಳ್ಳಬೇಕೆಂದು ಬೋಧಿಸಿತು. ಒಹಾಯೊದ ಕೊಲಂಬಸ್ ಧರ್ಮಾಧ್ಯಕ್ಷರಾದ ವಾಟರ್ಸನ್ ಅವರು ಮದ್ಯ ವ್ಯಾಪಾರಿಗಳನ್ನು ಕಥೋಲಿಕ ಸಂಘಗಳಿಂದ ಹೊರಗಿಟ್ಟಾಗ, 1894ರಲ್ಲಿ ಜಗದ್ಗುರುಗಳ ಪ್ರತಿನಿಧಿ ಸತೊಲ್ಲಿಯವರು ಅದನ್ನು ಎತ್ತಿಹಿಡಿದರು. ಆದರೂ ಬಾಲ್ಟಿಮೋರಿನ ಕಾರ್ಡಿನಲ್ ಗಿಬ್ಬನ್ಸ್ ಅವರಂಥ ಹಿರಿಯರು ಮಿತಪಾನದ ಬೋಧನೆಯನ್ನು ಒಪ್ಪಿದರೇ ವಿನಾ ಕಾನೂನಿನ ಸಂಪೂರ್ಣ ನಿಷೇಧವನ್ನು ಒಪ್ಪಲಿಲ್ಲ. ಕಾನಾ ಊರಿನ ಮದುವೆಯಲ್ಲಿ ಆರು ಕಲ್ಲಿನ ಬಾನೆಗಳನ್ನು ತುಂಬಿಸಿದ ಪ್ರಭುವಿನ ಶಿಷ್ಯರು ದ್ರಾಕ್ಷಾರಸವೇ ಕೆಡುಕೆಂದು ಹೇಳುವುದಾದರೂ ಹೇಗೆ?

ನಿಷೇಧವೂ ಬಂತು. 1920ರ ಜನವರಿಯಿಂದ ಇಡೀ ಅಮೆರಿಕ ದೇಶದಲ್ಲಿ ಪಾನನಿಷೇಧ ಜಾರಿಯಾಯಿತು. ಅದರ ಕಥೆ ನಿಮಗೆ ಗೊತ್ತಿರುವುದೇ. ನಾನು ಸೇರಿಸಬೇಕಾದ್ದು ಒಂದೇ ಒಂದು ವಿಷಯ. ಬಲಿಪೂಜೆಯ ದ್ರಾಕ್ಷಾರಸಕ್ಕೆ ಆ ಕಾನೂನು ವಿನಾಯಿತಿ ನೀಡಿತ್ತು, ಮತ್ತು ಆ ವರ್ಷಗಳಲ್ಲಿ ಧಾರ್ಮಿಕ ಉಪಯೋಗಕ್ಕೆಂದು ಎತ್ತಿದ ದ್ರಾಕ್ಷಾರಸದ ಪ್ರಮಾಣ ಅನುಮಾನ ಹುಟ್ಟಿಸುವಷ್ಟು ಏರಿತು. ಭಕ್ತಿ ಏರಿದ್ದಕ್ಕೆ ಮಾತ್ರ ಯಾವ ಕುರುಹೂ ಇರಲಿಲ್ಲ. ಕಾನೂನಿನ ಪಕ್ಕದ ಬಾಗಿಲು ಕೆಲವೊಮ್ಮೆ ದೇವಾಲಯದ ಕಡೆಗೂ ತೆರೆದುಕೊಂಡಿತೆಂದು ಒಪ್ಪಿಕೊಳ್ಳದೆ ವಿಧಿಯಿಲ್ಲ.

1933ರ ಡಿಸೆಂಬರ್ 5ರಂದು ನಿಷೇಧ ರದ್ದಾದಾಗ, ಅದಕ್ಕೆ ಬೇಕಿದ್ದ ಕೊನೆಯ ಮತವನ್ನು ಹಾಕಿದ 36ನೆಯ ರಾಜ್ಯ, ಮದ್ಯ ಮುಟ್ಟದ ಮಾರ್ಮನ್ ಪಂಥದವರು ಬಹುಸಂಖ್ಯಾತರಾಗಿದ್ದ ಯೂಟಾ ಎಂಬುದು ಚರಿತ್ರೆಯ ಒಂದು ಹಾಸ್ಯ. ಅಂದಿನಿಂದ ಮದ್ಯದ ನಿಯಂತ್ರಣ ಆಯಾ ರಾಜ್ಯಗಳಿಗೆ ಬಂತು, ಯೂಟಾದ ನಿಯಮಗಳು ಅತ್ಯಂತ ಬಿಗಿಯಾದವು. 2009ರಲ್ಲಿ ಅಲ್ಲಿ ಕೆಲವು ನಿಯಮಗಳನ್ನು ಸಡಿಲಿಸಿದಾಗ, ಹೊಸ ರೆಸ್ಟೋರೆಂಟುಗಳು 7 ಅಡಿ 2 ಇಂಚು ಎತ್ತರದ ಅಡ್ಡಗೋಡೆಯ ಹಿಂದೆಯೇ ಮದ್ಯವನ್ನು ಬೆರೆಸಬೇಕೆಂಬ ಷರತ್ತು ಬಂತು. ಊಟಕ್ಕೆ ಬಂದ ಮಕ್ಕಳು ಮದ್ಯ ಸುರಿಯುವುದನ್ನು ನೋಡಬಾರದು ಎಂಬುದು ಅದರ ಆಶಯ. ಜನ ಅದಕ್ಕೆ 'ಸಿಯೋನಿನ ಪರದೆ' ಎಂದು ಹೆಸರಿಟ್ಟು ನಕ್ಕರು. ಪರದೆಯ ಹಿಂದೆ ತಯಾರಾದದ್ದು ಅದೇ ಮಕ್ಕಳ ಮುಂದಿನ ಮೇಜಿಗೇ ಬರುತ್ತಿತ್ತು. 2017ರಲ್ಲಿ ಗೋಡೆಗೆ ಪರ್ಯಾಯವಾಗಿ ಬಾರಿನಿಂದ 10 ಅಡಿಯೊಳಗೆ ಮಕ್ಕಳನ್ನು ಕೂರಿಸದಿರುವ ಅವಕಾಶವನ್ನು ಕೊಟ್ಟರು. ಜೊತೆಗೆ 'ಇದು ರೆಸ್ಟೋರೆಂಟ್, ಬಾರ್ ಅಲ್ಲ' ಎಂಬ ಫಲಕವನ್ನೂ ಕಡ್ಡಾಯ ಮಾಡಿದರು. ಎರಡನ್ನೂ ಒಂದೇ ಫಲಕದಲ್ಲಿ ಓದಿ ರೂಢಿಯಾಗಿರುವ ನಮಗೆ ಇದು ವಿನೋದವೆನಿಸಬಹುದು. ಮಕ್ಕಳ ಕಣ್ಣಿನ ಬಗ್ಗೆ ಅಷ್ಟಾದರೂ ಯೋಚಿಸಿದ್ದಾರಲ್ಲ ಎಂದೂ ನನಗೆ ಅನಿಸುತ್ತದೆ.

ನಮ್ಮ ನೆಲದಲ್ಲೂ ಕಾನೂನು ಇದೇ ಅಳತೆಗೋಲುಗಳನ್ನು ಹಿಡಿದಿದೆ. ಕರ್ನಾಟಕದಲ್ಲಿ ಸಿಎಲ್-7 ಎಂಬ ಪರವಾನಗಿ ಬೇಕಾದ ವಸತಿಗೃಹಕ್ಕೆ ಇಂತಿಷ್ಟು ಕೋಣೆಗಳಿರಬೇಕು. ರೇನ್ಸರ ನೆನಪು ಬರುವುದಿಲ್ಲವೇ? ಹೆದ್ದಾರಿಗಳಿಂದ 500 ಮೀಟರಿನೊಳಗೆ ಮದ್ಯ ಮಾರಬಾರದೆಂದು ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ತೀರ್ಪಿತ್ತಾಗ, ನೆರೆಯ ಕೇರಳದ ಉತ್ತರ ಪರವೂರಿನ ಒಂದು ಬಾರು ತನ್ನ ಅಂಗಳದಲ್ಲಿ ಹಾವಿನಂತೆ ಸುತ್ತುವ ಕಾಲುದಾರಿಯನ್ನು ಕಟ್ಟಿ ಗಿರಾಕಿ ನಡೆಯಬೇಕಾದ ದೂರವನ್ನು ಹೆಚ್ಚಿಸಿಕೊಂಡಿತು. ಅದೇ ಕೇರಳದಲ್ಲಿ 2014ರಲ್ಲಿ ಪಂಚತಾರಾ ಹೋಟೆಲುಗಳನ್ನು ಬಿಟ್ಟು ಉಳಿದ ಬಾರುಗಳನ್ನು ಮುಚ್ಚುವ ನಿರ್ಧಾರವಾದಾಗ ಅಲ್ಲಿನ ಧರ್ಮಸಭೆ ಹರ್ಷಿಸಿತು, 2017ರಲ್ಲಿ ಅದು ಸಡಿಲವಾದಾಗ ಪ್ರತಿಭಟಿಸಿತು. ಅವರ ನೋವು ನನ್ನದೂ ಹೌದು. ಆದರೆ ಪಂಚತಾರಾ ಹೋಟೆಲಿಗೆ ಮಾತ್ರ ರಿಯಾಯಿತಿ ಕೊಟ್ಟ ನೀತಿಯನ್ನು ಕಂಡಾಗ 1895ರ ಜರ್ಮನ್ ಕೂಲಿಕಾರರ ಪ್ರಶ್ನೆ ಕಿವಿಯಲ್ಲಿ ಗುಂಯ್‌ಗುಡುತ್ತದೆ.

ಹಾಗಾದರೆ ನಿಯಮವೇ ಬೇಡವೇ? ಬೇಕು. ರೇನ್ಸ್ ಕಾನೂನಿನಲ್ಲೂ ವಯಸ್ಸಿನ ಮಿತಿಯನ್ನು ಏರಿಸಿದ್ದು ಒಳ್ಳೆಯದೇ ಆಗಿತ್ತು. ಅಣಕಕ್ಕೆ ಗುರಿಯಾದದ್ದು ತಟ್ಟೆಯನ್ನೂ ಕೋಣೆಯನ್ನೂ ಲೆಕ್ಕ ಹಾಕಿ ಮನುಷ್ಯನನ್ನು ಸಭ್ಯನಾಗಿಸಲು ಹೊರಟ ಭಾಗ. ಕಾನೂನಿಗೆ ಅಳೆಯಲು ಬರುವುದು ಗೋಡೆ, ಮೀಟರು, ಕೋಣೆ ಇಷ್ಟೇ. ಅದನ್ನು ಅದರ ತಪ್ಪೆಂದು ಹೇಳಲಾಗದು. ಟೇಪಿನ ಅಳತೆ ಮುಗಿದೊಡನೆ ನಮ್ಮ ಕೆಲಸವೂ ಮುಗಿಯಿತೆಂದು ಮನೆಗೆ ಹೋದದ್ದು ನಮ್ಮ ತಪ್ಪು, ನನ್ನದೂ ಸೇರಿದಂತೆ.

ಬಾಗಿಲು ಓಣಿಗೆ ಸರಿದ ಮೇಲೆ ಎರಡನೆಯ ಮನವಿಯನ್ನು ಬರೆಯಲು ಕುಳಿತಿದ್ದಾಗ, ಮಾತೆಯರ ಸಂಘದ ಒಬ್ಬ ಹಿರಿಯ ತಾಯಿ ಕೇಳಿದ ಮಾತು ಇನ್ನೂ ನೆನಪಿದೆ. "ಸ್ವಾಮಿ, ಬಾಗಿಲು ಯಾವ ಕಡೆ ಇದ್ದರೇನು? ಶನಿವಾರ ಸಂಜೆ ಬಟವಾಡೆಯಾದ ದುಡ್ಡು ಯಾವ ದಾರಿಯಲ್ಲಿ ಮನೆಗೆ ಬರುತ್ತದೆ, ಅದನ್ನು ನೋಡಿ." ಮನವಿಯನ್ನು ಅಲ್ಲಿಗೇ ಬಿಟ್ಟು, ನಮ್ಮ ಧರ್ಮಕೇಂದ್ರದ ಗಂಡಸರಿಗೆ ಕೆಲಸ ಕೊಡುತ್ತಿದ್ದ ಮೂವರು ಕಟ್ಟಡ ಗುತ್ತಿಗೆದಾರರ ಬಳಿಗೆ ಹೋದೆವು. ಬಟವಾಡೆಯನ್ನು ಶನಿವಾರ ಸಂಜೆಯ ಬದಲು ಸೋಮವಾರ ಬೆಳಿಗ್ಗೆ ಮಾಡಬಹುದೇ ಎಂದು ಕೇಳಿಕೊಂಡೆವು. ಇಬ್ಬರು ಒಪ್ಪಿದರು. ಮೂರನೆಯವರು ಯೋಚಿಸಿ ಹೇಳುತ್ತೇನೆ ಎಂದರು. ನನಗೆ ವರ್ಗಾವಣೆಯಾಗುವ ತನಕವೂ ಹೇಳಲಿಲ್ಲ.