ಅನ್ನ ಮಾರಿದವರ ಚರಿತ್ರೆ

ನೂರೈವತ್ತು ವರ್ಷಗಳ ಹಿಂದೆ ನಮ್ಮ ಕಡೆ ಪರವೂರಿಗೆ ಹೊರಟವನ ದೊಡ್ಡ ಚಿಂತೆ ಊಟದ್ದು. ಸೊಂಟದಲ್ಲಿ ದುಡ್ಡಿದ್ದರೂ ಬೇಯಿಸಿದ ಅನ್ನ ಕೊಂಡು ಉಣ್ಣುವ ಜಾಗ ಹೆಚ್ಚಿನ ಊರುಗಳಲ್ಲಿ ಇರಲಿಲ್ಲ. ಇದ್ದರೂ, ಯಾರು ಬೇಯಿಸಿದ್ದೆಂದು ತಿಳಿಯದೆ ಬಾಯಿಗಿಡುವವರು ಕಡಿಮೆ. ಅವಲಕ್ಕಿಯೋ ಹುರಿಹಿಟ್ಟೋ ಬುತ್ತಿ ಕಟ್ಟಿಕೊಂಡು ಹೊರಡಬೇಕು. ಅರವಟ್ಟಿಗೆಯಲ್ಲಿ ನೀರುಮಜ್ಜಿಗೆ ಕುಡಿಯಬೇಕು. ಛತ್ರದ ಜಗಲಿ ಸಿಕ್ಕರೆ ಮೂರು ಕಲ್ಲು ಹೂಡಿ ತಾನೇ ಬೇಯಿಸಿಕೊಳ್ಳಬೇಕು, ಇಲ್ಲವೇ ಜಾತಿಯವರ ಮನೆ ಹುಡುಕಬೇಕು. ಕೆಲವು ಛತ್ರಗಳಲ್ಲಿ ಊಟ ಹಾಕುತ್ತಿದ್ದದ್ದು ನಿಜ, ಆದರೆ ಅದು ಧರ್ಮಕ್ಕೆ, ಅದೂ ಬಹುಪಾಲು ಬ್ರಾಹ್ಮಣರಿಗೆ. ಅನ್ನವನ್ನು ದಾನ ಮಾಡಬಹುದು, ಮಾರಬಾರದು ಎಂಬುದು ಶಾಸ್ತ್ರ ಓದಿದವರ ಮಾತಷ್ಟೇ ಅಲ್ಲ, ಸಾಮಾನ್ಯ ಜನರ ನಂಬಿಕೆಯೂ ಆಗಿತ್ತು. ಇಂಥ ನಾಡಿನಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ಮೂರು ನಾಲ್ಕು ದಶಕಗಳೊಳಗೆ, ಮಡಿಮೈಲಿಗೆಯಲ್ಲಿ ಬಹಳ ಕಟ್ಟುನಿಟ್ಟಾಗಿದ್ದ ಕರಾವಳಿಯ ಬ್ರಾಹ್ಮಣರೇ ಮದರಾಸು, ಬೆಂಗಳೂರು, ಮುಂಬಯಿಗಳಲ್ಲಿ ಒಲೆ ಹೂಡಿ, ಗುರುತುಪರಿಚಯವಿಲ್ಲದವರಿಗೆ ಕಾಸಿಗೆ ತಿಂಡಿ ಮಾರಲು ಕುಳಿತರು. ಜನ ಮುಜುಗರವಿಲ್ಲದೆ ಬಂದು ತಿಂದರು. ದಕ್ಷಿಣ ಭಾರತದ ಸಾಮಾಜಿಕ ಚರಿತ್ರೆಯಲ್ಲಿ ಇದು ಸಣ್ಣ ಘಟನೆಯಲ್ಲ.

ಇದು ಹೇಗಾಯಿತು ಎಂದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಉಡುಪಿಯ ಕೃಷ್ಣಮಠ. ಅಷ್ಟಮಠಗಳು ಸರದಿಯಂತೆ ಎರಡೆರಡು ವರ್ಷ ಪೂಜೆ ನಡೆಸುವ ಪರ್ಯಾಯದ ಕಟ್ಟಳೆ ಹದಿನಾರನೆಯ ಶತಮಾನದ ವಾದಿರಾಜರ ಕಾಲದ್ದು. ಪರ್ಯಾಯದ ಮಠಕ್ಕೆ ಅನ್ನದಾನ ಮುಖ್ಯ ಹೊಣೆ. ಹೀಗೆ ಸಾವಿರಾರು ಎಲೆಗೆ ಅಡುಗೆ ಮಾಡಿ ಪಳಗಿದ ಭಟ್ಟರು ಆ ಕೈರುಚಿಯನ್ನು ನಗರಗಳಿಗೆ ಒಯ್ದರು, ಅದೇ ಉಡುಪಿ ಹೋಟೆಲು ಎಂಬುದು ಆ ವಿವರಣೆ. ಕೇಳಲು ಹಿತವಾಗಿದೆ, ಊರಿಗೆ ಗೌರವ ತರುತ್ತದೆ, ಪೂರ್ತಿ ಸುಳ್ಳೂ ಅಲ್ಲ. ಆದರೆ ಇದು ಕಥೆಯ ಕಾಲುಭಾಗ ಮಾತ್ರ ಎಂಬುದು ನನ್ನ ವಾದ. ಉಳಿದ ಮುಕ್ಕಾಲನ್ನು ಕಟ್ಟಿದ್ದು ಕರಾವಳಿಯ ಬಡತನ, ರೈಲು ಮತ್ತು ಹಡಗು, ನಗರದ ಒಂಟಿ ಗಂಡಸಿನ ಹಸಿವು, ಮೀಸೆ ಮೂಡದ ಹುಡುಗರ ದುಡಿಮೆ. ಮಠದ ಊರು ಹೆಸರನ್ನು ಕೊಟ್ಟಿತು. ಹೋಟೆಲನ್ನು ಮಾಡಿದ್ದು ನಗರ.

ಮೊದಲು ತಿಂಡಿಯನ್ನೇ ನೋಡೋಣ. ಮಠದ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಗೆ ಜಾಗವಿಲ್ಲ. ಚಾತುರ್ಮಾಸ್ಯ ಬಂತೆಂದರೆ ನಿಯಮ ಇನ್ನೂ ಬಿಗಿ: ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳಿಲ್ಲ. ದ್ವಿದಳ ವ್ರತದ ಆ ತಿಂಗಳಲ್ಲಿ ಉದ್ದನ್ನೇ ಮುಟ್ಟದ ಅಡುಗೆಮನೆಯಿಂದ ವರ್ಷವಿಡೀ ಇಡ್ಲಿ, ದೋಸೆ, ಉದ್ದಿನ ವಡೆಗಳನ್ನೇ ನಂಬಿದ ವ್ಯಾಪಾರ ನೇರವಾಗಿ ಇಳಿದು ಬಂತು ಎಂದರೆ ಒಪ್ಪುವುದು ಕಷ್ಟ. ಮಸಾಲೆ ದೋಸೆಯ ಪಲ್ಯದಲ್ಲಿ ಈರುಳ್ಳಿ ಇದೆ. ಕಾಫಿಯಂತೂ ಯಾವ ದೇವರ ನೈವೇದ್ಯವೂ ಅಲ್ಲ, ಆದರೆ ಕಾಫಿಯಿಲ್ಲದ ಉಡುಪಿ ಹೋಟೆಲನ್ನು ಯಾರೂ ಕಂಡಿಲ್ಲ. ಇಡ್ಲಿಯೂ ಮಠದ ಸ್ವತ್ತಲ್ಲ, ಹೋಟೆಲಿನ ಸೃಷ್ಟಿಯೂ ಅಲ್ಲ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರಿದೆ, ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ ಉದ್ದನ್ನು ಮಜ್ಜಿಗೆಯಲ್ಲಿ ನೆನೆಹಾಕಿ ರುಬ್ಬುವ ಕ್ರಮವನ್ನು ಹೇಳುತ್ತದೆ. ಪದಾರ್ಥ ಹಳೆಯದು, ಕನ್ನಡ ನಾಡಿನ ಬೇರೆ ಬೇರೆ ಮನೆಗಳದ್ದು. ಅದನ್ನು ಬೆಳಗಿನ ಆರು ಗಂಟೆಗೆ, ಜಾತಕ ಕೇಳದೆ, ಕೈಗೆಟಕುವ ಬೆಲೆಗೆ, ದಿನ ಬಿಡದೆ ಕೊಡುವ ವ್ಯವಸ್ಥೆ ಹೊಸದು.

ಆ ವ್ಯವಸ್ಥೆ ಕಟ್ಟಿದವರು ಊರು ಬಿಟ್ಟದ್ದು ಏಕೆಂದು ತಿಳಿಯಬೇಕಾದರೆ ದಕ್ಷಿಣ ಕನ್ನಡದ ಹಳ್ಳಿಯನ್ನು ನೋಡಬೇಕು. ಮಠಗಳಿಗೂ ಕೆಲವು ಮನೆತನಗಳಿಗೂ ಭೂಮಿಯಿತ್ತು. ಉಳಿದ ಎಷ್ಟೋ ಬ್ರಾಹ್ಮಣ ಮನೆಗಳು ತುಂಡು ಗದ್ದೆಯ ಗೇಣಿ, ಸಣ್ಣ ದೇವಸ್ಥಾನದ ಪೂಜೆ, ಮದುವೆ ಮುಂಜಿಯ ಅಡುಗೆ ಇಷ್ಟನ್ನೇ ನೆಚ್ಚಿದ್ದವು. ತಂದೆ ಬೇಗ ತೀರಿಕೊಂಡರೆ, ಮಕ್ಕಳು ಏಳೆಂಟಾದರೆ, ಹುಡುಗನನ್ನು ಸಂಬಂಧಿಕರ ಜೊತೆ ಹೊರಗೆ ಕಳಿಸುವುದೇ ದಾರಿ. 1923ರ ಮಳೆಗಾಲದಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರು ಮುಳುಗಿದ ನೆರೆ ಹಲವರನ್ನು ನೆಲೆ ತಪ್ಪಿಸಿತು. ಆದರೆ ನೆರೆ ಬರುವ ಮೊದಲೇ ಹೊರಡುವ ರೂಢಿ ಬೆಳೆದಿತ್ತು. ಜಿಲ್ಲೆ ಆಗ ಮದರಾಸು ಪ್ರಾಂತ್ಯದ ಭಾಗ. 1907ರಲ್ಲಿ ಮಂಗಳೂರಿಗೆ ರೈಲು ಬಂದು ರಾಜಧಾನಿಗೆ ದಾರಿ ತೆರೆದಿತ್ತು. ಮುಂಬಯಿಗೆ ಹಡಗು. ಬೆಂಗಳೂರಿಗೆ ಹೋಗುವವರು ಘಾಟಿ ಹತ್ತುತ್ತಿದ್ದರು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಬೆಂಗಳೂರಿಗೆ ಹೋಗಿ ಹೋಟೆಲು ಹಿಡಿದವರ ಸಂಗತಿ ಬರುವುದು ಕಾದಂಬರಿಕಾರರ ಕಲ್ಪನೆಯಿಂದಷ್ಟೇ ಅಲ್ಲ, ಕೋಟದ ಆಸುಪಾಸಿನ ಮನೆಗಳ ಆ ಕಾಲದ ಬದುಕೇ ಹಾಗಿತ್ತು.

ಇವರನ್ನು ಎದುರುಗೊಂಡ ನಗರವೂ ಆಗಷ್ಟೇ ಹೊಸ ರೂಪ ಪಡೆಯುತ್ತಿತ್ತು. ಕಚೇರಿಯ ಗುಮಾಸ್ತರು, ಕಾಲೇಜಿನ ಹುಡುಗರು, ಕೋರ್ಟಿಗೆ ಅಲೆಯುವ ಕಕ್ಷಿದಾರರು, ಗಿರಣಿಯ ಕೆಲಸಗಾರರು, ಎಲ್ಲರೂ ಮನೆಮಂದಿಯನ್ನು ಊರಲ್ಲಿ ಬಿಟ್ಟು ಬಂದವರು. ಒಂದು ರೂಮು, ಒಂದು ಚಾಪೆ, ಒಲೆ ಇಲ್ಲ. ಮನೆಯ ಹೆಂಗಸರ ದುಡಿಮೆಯಿಂದ ನಡೆಯುತ್ತಿದ್ದ ಅಡುಗೆ ಇಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕಾದ ಸೇವೆಯಾಯಿತು. ಈ ಹಸಿವು ಇರದಿದ್ದರೆ ಎಂಥ ಕೈರುಚಿಯೂ ವ್ಯಾಪಾರವಾಗುತ್ತಿರಲಿಲ್ಲ. ಉಡುಪಿ ಪೇಟೆಯಲ್ಲೇ ತಿಂಡಿಯಂಗಡಿಗಳು ಇರಲಿಲ್ಲವೆಂದಲ್ಲ. ಈ ಹೋಟೆಲಿಗೆ ರೂಪವೂ ಕೀರ್ತಿಯೂ ಸಿಕ್ಕಿದ್ದು ಮಾತ್ರ ಮದರಾಸಿನ ಜಾರ್ಜ್ ಟೌನ್, ಮುಂಬಯಿಯ ಮಾಟುಂಗ, ಬೆಂಗಳೂರಿನ ಲಾಲ್‌ಬಾಗ್ ರಸ್ತೆಗಳಲ್ಲಿ.

ಮೂಡುಬಿದಿರೆ ಕಡೆಯ ಕಡಂದಲೆಯಲ್ಲಿ ಹುಟ್ಟಿದ ಕೆ. ಕೃಷ್ಣರಾಯರು 1920ರ ದಶಕದಲ್ಲಿ ಮದರಾಸಿಗೆ ಹೋದಾಗ ಅಡುಗೆಮನೆಯ ಆಳು. ಜಾರ್ಜ್ ಟೌನಿನ ಆಚಾರಪ್ಪನ್ ಬೀದಿಯ ಸಣ್ಣ ಹೋಟೆಲನ್ನು ಮಾಲೀಕರಿಂದಲೇ ಕಂತಿನ ಮೇಲೆ ಪಡೆದರು. ಆಮೇಲೆ ಮೌಂಟ್ ರಸ್ತೆಯಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸ. 1938ರಲ್ಲಿ ರಾಯಪೇಟೆಯ ದೊಡ್ಡ ಬಂಗಲೆಯಲ್ಲಿ ವುಡ್‌ಲ್ಯಾಂಡ್ಸ್. 1962ರಲ್ಲಿ ಕಾರಿನಲ್ಲೇ ಕುಳಿತು ತಿನ್ನುವ ಡ್ರೈವ್-ಇನ್. ಕೋಟದ ಹತ್ತಿರದ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು ಬೆಂಗಳೂರಿನಲ್ಲಿ 1924ರಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ ತೆರೆದರು, ಅದೇ ಮುಂದಿನ ಎಂಟಿಆರ್. ಇವರಿಗೆ ಹೊಸದನ್ನು ಕಲಿಸಿದ್ದು ಮಠದ ಅಡುಗೆಶಾಲೆಯಲ್ಲ, ಪೇಟೆ ಮತ್ತು ಕಾಲ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಜಪಾನಿನ ಕೈಸೇರಿ ಅಕ್ಕಿಯ ಆಮದು ನಿಂತಾಗ ರವೆಯಲ್ಲಿ ಇಡ್ಲಿ ಮಾಡಿದೆವೆಂದು ಎಂಟಿಆರ್‌ನವರು ಹೇಳುತ್ತಾರೆ. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿ ಬಂದರು. ಪಾತ್ರೆಗಳನ್ನು ಹಬೆಯಲ್ಲಿ ತೊಳೆಯುವುದು, ಗಿರಾಕಿಗಳಿಗೆ ಅಡುಗೆಮನೆ ತೋರಿಸುವುದು ಆ ಪ್ರವಾಸದ ಫಲ. ಹೊರಗಿನವರ ಕಣ್ಣು ಬೀಳಬಾರದೆಂದು ಅಡುಗೆಮನೆಯನ್ನು ಮರೆಯಲ್ಲಿಡುವ ಮಡಿಗೂ, ಯಾರು ಬೇಕಾದರೂ ಬಂದು ನೋಡಿ ಎನ್ನುವ ಈ ಶುಚಿತ್ವಕ್ಕೂ ಎಷ್ಟು ದೂರ!

ಕೆಲಸ ನಡೆಯುತ್ತಿದ್ದ ಬಗೆಯನ್ನೂ ಹತ್ತಿರದಿಂದ ನೋಡಬೇಕು. ಗ್ರೈಂಡರ್ ಬರುವ ಮೊದಲು ಹಿಟ್ಟೆಲ್ಲ ರುಬ್ಬುವ ಕಲ್ಲಿನಲ್ಲೇ ಆಗಬೇಕು. ಮಧ್ಯಾಹ್ನ ನೆನೆಹಾಕಿದ ಅಕ್ಕಿ, ಉದ್ದನ್ನು ಸಂಜೆಯಿಂದ ರಾತ್ರಿಯವರೆಗೆ ರುಬ್ಬುವುದು; ಒಂದು ಕೈ ಗುಂಡು ತಿರುಗಿಸುತ್ತಿದ್ದರೆ ಇನ್ನೊಂದು ಕೈ ಅಂಚಿಗೆ ಬಂದ ಹಿಟ್ಟನ್ನು ಒಳಕ್ಕೆ ತಳ್ಳುತ್ತಿರಬೇಕು. ಉದ್ದು ನೊರೆಯೇಳುವಷ್ಟು ನುಣ್ಣಗಾಗದಿದ್ದರೆ ಮರುದಿನದ ಇಡ್ಲಿ ಕಲ್ಲು. ಬೆಳಗಿನ ಜಾವ ಎದ್ದು ಕಾಯಿ ತುರಿಯುವುದು, ಸೌದೆ ಒಲೆ ಹಚ್ಚುವುದು. ಹೊಸದಾಗಿ ಬಂದ ಮಾಣಿ ಕ್ಲೀನರ್ ಆಗಿ ಟೇಬಲ್ ಒರೆಸಿ ಲೋಟ ತೊಳೆಯುತ್ತಿದ್ದ. ಆಮೇಲೆ ರುಬ್ಬುವ ಕಲ್ಲು, ಆಮೇಲೆ ಸಪ್ಲಾಯರ್, ಅದೃಷ್ಟವಿದ್ದರೆ ಗಲ್ಲಾ, ಇನ್ನೂ ಅದೃಷ್ಟವಿದ್ದರೆ ಪಾಲುದಾರಿಕೆ. ಸಂಬಳ ಅಲ್ಪ; ಊಟವೂ ಮಲಗಲು ಟೇಬಲ್ಲುಗಳ ನಡುವಿನ ಜಾಗವೂ ಅದರಲ್ಲೇ ಸೇರಿತ್ತು. ಮಠದ ಅಡುಗೆಯಲ್ಲಿ ದಿನ ಕಳೆದರೆ ಪುಣ್ಯ, ಇಲ್ಲಿ ದಿನ ಕಳೆದರೆ ಲೆಕ್ಕ. ಒಂದು ಸೇರು ಉದ್ದಿಗೆ ಎಷ್ಟು ಇಡ್ಲಿ, ಒಂದು ಟೇಬಲ್ಲಿಗೆ ಗಂಟೆಗೆ ಎಷ್ಟು ಗಿರಾಕಿ ಎಂಬ ಲೆಕ್ಕವೇ ಬೆಲೆಯನ್ನು ಬಡವರ ಕೈಗೆ ಎಟಕುವಂತೆ ಇಳಿಸಿತು.

ಹಾಗಾದರೆ ಉಡುಪಿ ಎಂಬ ಬೋರ್ಡೇಕೆ, ಗಲ್ಲಾದ ಮೇಲೆ ಕೃಷ್ಣನ ಪಟವೇಕೆ ಎಂದು ಕೇಳಬಹುದು. ಬಲವಾದ ಪ್ರಶ್ನೆ. ಉತ್ತರ, ನನ್ನ ತಿಳಿವಳಿಕೆಯಲ್ಲಿ, ನಂಬಿಕೆಯ ಕೊರತೆಯಲ್ಲಿದೆ. ಯಾರು ಬೇಯಿಸಿದ್ದು ಎಂದು ಕೇಳುವ ಸಮಾಜದಲ್ಲಿ ಅಪರಿಚಿತನೊಬ್ಬ ಅನ್ನ ಮಾರಬೇಕಾದರೆ ಆ ಪ್ರಶ್ನೆಗೆ ಬಾಗಿಲಲ್ಲೇ ಉತ್ತರ ಹೇಳಿಬಿಡಬೇಕು. ಉಡುಪಿ ಎಂದರೆ ಮಾಧ್ವ ಬ್ರಾಹ್ಮಣರ ಯಾತ್ರಾಸ್ಥಳವೆಂದು ದಕ್ಷಿಣದವರಿಗೆಲ್ಲ ಗೊತ್ತು. ಆ ಒಂದು ಹೆಸರಿನಿಂದ ಸಸ್ಯಾಹಾರ, ಮಡಿ, ಬ್ರಾಹ್ಮಣ ಅಡುಗೆ ಮೂರೂ ಖಾತ್ರಿ. ದೊಡ್ಡ ಅಡುಗೆಯ ಶಿಸ್ತು, ಸೋರಿಹೋಗದ ಹಾಗೆ ಬಡಿಸುವ ಅಳತೆ, ಕೆಲಸದ ವೇಗ ಇವು ದೇವಸ್ಥಾನ ಮತ್ತು ಸಮಾರಂಭಗಳ ಅಡುಗೆಯಿಂದ ಬಂದವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮುದ್ರೆ ಒತ್ತಿದವರು ಸರಕು ತಯಾರಿಸಿದವರೇ ಆಗಬೇಕಿಲ್ಲ.

ಈ ಮುದ್ರೆಗೆ ಎರಡು ಮುಖ. ಅದು ಬ್ರಾಹ್ಮಣರಲ್ಲದವರಿಗೆ ಬ್ರಾಹ್ಮಣ ಅಡುಗೆಯನ್ನು ದುಡ್ಡಿಗೆ ತೆರೆಯಿತು. ಅದೇ ಹೊತ್ತಿಗೆ ಒಳಗೆ ಬ್ರಾಹ್ಮಣರಿಗೆ ಪ್ರತ್ಯೇಕ ಕೋಣೆ ಇಟ್ಟ ಹೋಟೆಲುಗಳಿದ್ದವು, ದಲಿತರನ್ನು ಹೊಸ್ತಿಲಾಚೆ ನಿಲ್ಲಿಸಿದವೂ ಇದ್ದವು. ಹೋಟೆಲು ಜಾತಿಯನ್ನು ಮುರಿಯಿತು ಎಂದು ಮೆಚ್ಚಿ ಬರೆಯುವವರು ಇದನ್ನು ಮರೆಯಬಾರದು. ಸಂವಿಧಾನದ 15ನೆಯ ವಿಧಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳನ್ನು ಹೆಸರಿಸಿಯೇ ಭೇದವನ್ನು ನಿಷೇಧಿಸಬೇಕಾಯಿತು. 1957ರಲ್ಲಿ ಮದರಾಸಿನ ತಿರುವಲ್ಲಿಕೇಣಿಯ ಮುರಳಿ ಕೆಫೆಯ ಮುಂದೆ ಪೆರಿಯಾರ್ ಅನುಯಾಯಿಗಳು ಬೋರ್ಡಿನಲ್ಲಿದ್ದ ಬ್ರಾಹ್ಮಣ ಎಂಬ ಪದ ತೆಗೆಯುವಂತೆ ದಿನದಿನವೂ ಧರಣಿ ನಡೆಸಿದರು. ಹಾಗೆಂದು ಹೋಟೆಲುಗಳಿಂದ ಜಾತಿಗೆ ಏನೂ ಆಗಲಿಲ್ಲ ಎಂಬ ಎದುರುವಾದವನ್ನೂ ನಾನು ಒಪ್ಪಲಾರೆ. ಕಾನೂನು ಮತ್ತು ಚಳವಳಿ ಬಾಗಿಲನ್ನು ನೂಕಿದಾಗ ಅದು ತೆರೆದುಕೊಂಡದ್ದು ಗಲ್ಲಾದ ತರ್ಕ ಒಳಗಿನಿಂದ ಅಗುಳಿಯನ್ನು ಸಡಿಲಿಸಿದ್ದರಿಂದ. ಖಾಲಿ ಕುರ್ಚಿ ಯಾವ ಮಾಲೀಕನಿಗೂ ಬೇಡ.

ಈಗ ಉಡುಪಿ ಹೆಸರಿನ ಹೋಟೆಲುಗಳಲ್ಲಿ ಎಷ್ಟೋ ಬಂಟರವು, ಬಿಲ್ಲವರವು, ಕರಾವಳಿಯನ್ನೇ ನೋಡದವರವು. ಪಟ್ಟಿಯಲ್ಲಿ ಪನೀರ್, ನೂಡಲ್ಸ್ ಇವೆ. ಅಸಲಿ ಉಡುಪಿ ಹೋಟೆಲು ಮುಗಿಯಿತು ಎಂಬ ಕೊರಗು ಕೇಳಿಬರುತ್ತದೆ. ಈ ಕೊರಗಿಗೆ ಆಧಾರವಿಲ್ಲ. ಮುಂಬಯಿಯಲ್ಲಿ ಶೆಟ್ಟರ ಹೋಟೆಲುಗಳು ಬೆಳೆದದ್ದೂ ಮೊದಲಿನವರು ಬಂದ ದಾರಿಯಲ್ಲೇ: ಊರಿನ ಕಷ್ಟ, ಸಂಬಂಧಿಕನ ಹೋಟೆಲಿನಲ್ಲಿ ಮಾಣಿಯ ಕೆಲಸ, ಉಳಿತಾಯ, ಪಾಲು. ಯುದ್ಧಕಾಲದ ರೇಷನ್ನಿನ ನಡುವೆ 1942ರಲ್ಲಿ ಮಾಟುಂಗದಲ್ಲಿ ಎ. ರಾಮ ನಾಯಕರು ತೆರೆದ ಊಟದ ಮನೆಯಾಗಲಿ, ಗಿರಣಿ ಕೆಲಸಗಾರನಿಗೆ ಒಂದೇ ತಟ್ಟೆಯಲ್ಲಿ ಅಳೆದು ಕೊಟ್ಟ ರೈಸ್ ಪ್ಲೇಟ್ ಆಗಲಿ, ಗಿರಾಕಿ ಯಾರೆಂದು ನೋಡಿ ರೂಪ ತಳೆದವು. 1960ರ ದಶಕದ ಕೊನೆಯಲ್ಲಿ ಶಿವಸೇನೆಯವರು ಉಡುಪಿ ಹೋಟೆಲುಗಳ ಮೇಲೆ ಕಲ್ಲೆಸೆದಾಗ ಮಾಲೀಕ ಭಟ್ಟನೋ ಶೆಟ್ಟಿಯೋ ಎಂದು ಕೇಳಲಿಲ್ಲ. ನಗರದ ಹಸಿವಿಗೆ ತಕ್ಕಂತೆ ಬದಲಾಗುವುದೇ ಈ ಕಸುಬಿನ ಮೂಲ ಗುಣವಾಗಿದ್ದರೆ, ನೂಡಲ್ಸ್ ಬೇಯಿಸಿದವನು ಪರಂಪರೆ ಬಿಟ್ಟವನಲ್ಲ.

ಗಿರಾಕಿಯ ಹಸಿವೂ ಹುಡುಗರ ದುಡಿಮೆಯೂ ಕಟ್ಟಿದ ಈ ಚರಿತ್ರೆಯನ್ನು ಮಾಲೀಕರ ಜೀವನಚರಿತ್ರೆಗಳಿಂದಷ್ಟೇ ಬರೆದರೆ ಸಾಲದು. ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ನಡೆಸಿದ ಕನ್ನಡದ ರಾತ್ರಿ ಶಾಲೆಗಳ ಬೆಂಚುಗಳಲ್ಲಿ ಕುಳಿತವರಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ, ತಟ್ಟೆ ಹೊತ್ತ ಹುಡುಗರು ಎಷ್ಟೋ ಮಂದಿ. ಅವರಲ್ಲಿ ಕೆಲವರು ಬ್ಯಾಂಕು, ವಕೀಲಿ ಕಡೆ ಹೋದರು, ಕೆಲವರು ಸ್ವಂತ ಹೋಟೆಲು ಹಾಕಿದರು, ಹೆಚ್ಚಿನವರು ಸಪ್ಲಾಯರ್ ಆಗಿಯೇ ಮುದುಕರಾದರು. ಅವರು ಕಳಿಸಿದ ಮನಿಯಾರ್ಡರಿನಿಂದ ಕುಂದಾಪುರ, ಕಾರ್ಕಳ, ಉಡುಪಿ ತಾಲೂಕುಗಳ ಮನೆಗಳಲ್ಲಿ ಸಾಲ ತೀರಿತು, ಮದುವೆಗಳಾದವು. ಆ ಮನೆಗಳನ್ನು ಗಂಡಸರಿಲ್ಲದೆ ನಡೆಸಿದವರು ಊರಲ್ಲೇ ಉಳಿದ ಹೆಂಗಸರು. ಹೋಟೆಲಿನ ಬೋರ್ಡಿನಲ್ಲಿ ದೇವರ ಹೆಸರಿದೆ, ಕ್ಯಾಲೆಂಡರಿನಲ್ಲಿ ಮಾಲೀಕರ ಫೋಟೋ ಇದೆ. ರುಬ್ಬಿದ ಹುಡುಗರ ಹೆಸರು, ಹಣದ ದಾರಿ ಕಾದ ಹೆಂಗಸರ ಹೆಸರು ಈ ಕಸುಬಿನ ಚರಿತ್ರೆಯಲ್ಲಿ ಇನ್ನೂ ಬರಬೇಕಾಗಿದೆ.